ಹಿನ್ನೀರಿನ ಹ್ಯಾಮ್‌ಗೆ ಕೊನೆಯ ಕರೆ: ನೆನಪಿನ ನೆಟ್ ನಡೆಸುವ ಬಗೆ

ಜಲಾಶಯ 1633 ಅಡಿಗೆ ತುಂಬಿದಾಗ ತುಂಗಭದ್ರಾ ಹಿನ್ನೀರು ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಅಷ್ಟು ನೀರಿನ ನಡುವೆ ತೆಪ್ಪದಲ್ಲಿ ಬಲೆ ಬಿಟ್ಟು ಕೂತವರಿಗೆ, ದಂಡೆಯ ಮೇಲೆ ಒಬ್ಬರು ರೇಡಿಯೊಗೆ ಕಿವಿಗೊಟ್ಟು ಕೂತಿದ್ದಾರೆ ಎನ್ನುವುದೇ ದೊಡ್ಡ ಧೈರ್ಯ. ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿದ್ದ ಹ್ಯಾಮ್, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರು, ತೀರಿಕೊಂಡರೆ ಅವರನ್ನು ನೆನೆಯುವುದು ಹೇಗೆ? ಫೋಟೊಗೆ ಹಾರ ಹಾಕುವುದು ಎಲ್ಲರಿಗೂ ಗೊತ್ತು. ರೇಡಿಯೊದಲ್ಲೇ ನೆನೆಯುವುದಕ್ಕೆ ಬೇರೆ ಕ್ರಮವಿದೆ, ಅದೇ ನೆನಪಿನ ನೆಟ್: ಗೊತ್ತಾದ ಹೊತ್ತಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿ ಸರದಿಯಂತೆ ಮಾತಾಡುವ ಕೂಟ. ಅದರ ಜೊತೆಗೆ, ಅವರು ಕಿವಿಗೊಡುತ್ತಿದ್ದ ಹೊತ್ತು ಖಾಲಿ ಬೀಳದಂತೆಯೂ ನೋಡಿಕೊಳ್ಳಬೇಕು. ಇಲ್ಲಿ ಎರಡನ್ನೂ ಬರೆದಿದ್ದೇವೆ. ಕೊಪ್ಪಳದ ದಂಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು, ಆದರೆ ಯಾವ ಕೆರೆಗಾದರೂ ಹೊಂದುತ್ತದೆ.

ತೀರಿಹೋದ ಹ್ಯಾಮ್‌ಗಳನ್ನು ರೇಡಿಯೊ ಬಳಗ ‘ಸೈಲೆಂಟ್ ಕೀ’ ಎನ್ನುತ್ತದೆ. ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಬಡಿಯುತ್ತಿದ್ದ ಕೀ ಸುಮ್ಮನಾಯಿತು ಎಂದರ್ಥ.

ಮೊದಲು ಮನೆಯಲ್ಲಿ

ಸೆಟ್ಟಿಗೆ ಕೈ ಹಾಕುವ ಮುನ್ನ ಮನೆಯವರನ್ನು ಕೇಳಿ. ಒಪ್ಪಿದರೆ ಪರವಾನಗಿ ಇರುವ ಒಬ್ಬ ಹ್ಯಾಮ್ ಹೋಗಿ ಮೇಜನ್ನು ಇದ್ದ ಹಾಗೆಯೇ ಫೋಟೊ ತೆಗೆಯಲಿ, ಯಾವ ವೈರು ಎಲ್ಲಿಗೆ ಹೋಗಿದೆ ಎಂಬುದು ಆಮೇಲೆ ಬೇಕಾಗುತ್ತದೆ. ಮೇನ್ಸ್ ಆಫ್ ಮಾಡಿ, ನಂತರ ಬ್ಯಾಟರಿಯ ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ. ಆಂಟೆನಾ ಕೇಬಲ್ ಬಿಚ್ಚಿದ ಸೆಟ್ಟಿನ ಮೈಕ್ ಗುಂಡಿಯನ್ನು ಯಾರೂ ಒತ್ತಬಾರದು. ಆಂಟೆನಾ ಇಲ್ಲದೆ ಪ್ರಸಾರ ಮಾಡಿದರೆ ಶಕ್ತಿ ವಾಪಸು ಬಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ದುಃಖದಲ್ಲಿ ಮೂರ್ನಾಲ್ಕು ತಿಂಗಳು ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಹಾಳಾಗುತ್ತದೆ. ಸೆಟ್ ಮಾರುವುದಿದ್ದರೂ ಸುಮ್ಮನೆ ಕೊಡುವುದಿದ್ದರೂ ಪರವಾನಗಿ ಇರುವವರಿಗೆ ಮಾತ್ರ ಕೊಡಬೇಕು.

ಎಲ್ಲಕ್ಕಿಂತ ಬೆಲೆಯುಳ್ಳದ್ದು, ಯಾರೊಂದಿಗೆ ಯಾವಾಗ ಮಾತಾಯಿತು ಎಂದು ಬರೆದಿಟ್ಟ ಲಾಗ್ ಪುಸ್ತಕ. ಹಗಲು ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ ಪುಟಪುಟವನ್ನೂ ಫೋಟೊ ತೆಗೆಯಿರಿ. ಓದುವಾಗ ಹೆಚ್ಚಿನವರು ಎಡವುವುದು ಸಮಯದಲ್ಲಿ. ಅನೇಕ ಹ್ಯಾಮ್‌ಗಳು ಲಾಗನ್ನು ಲೋಕಕ್ಕೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ ಬರೆಯುತ್ತಾರೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಪುಟದಲ್ಲಿ ‘12ನೇ ತಾರೀಖು, 20:10’ ಎಂದಿದ್ದರೆ ಅದು ಇಲ್ಲಿಯ 13ನೇ ತಾರೀಖಿನ ನಸುಕಿನ 1:40. ತಾರೀಖೇ ಬದಲಾಗುತ್ತದೆ. ಇದನ್ನು ಗಮನಿಸದೆ ಸಭೆಯಲ್ಲಿ ಓದಿದರೆ, ನಡುರಾತ್ರಿ ಎದ್ದು ಕೂತು ಮಾಡಿದ ಕೆಲಸ ಸಂಜೆ ಊಟದ ಹೊತ್ತಿನದಾಗಿಬಿಡುತ್ತದೆ. ಪುಟಗಳಲ್ಲಿ ಅಂಬಿಗರ ಮೊಬೈಲ್ ನಂಬರ್ ಇರುತ್ತವೆ, ಪ್ರದರ್ಶನಕ್ಕಿಡುವ ಮುನ್ನ ಅವನ್ನು ಮುಚ್ಚಿ.

ನೆನಪಿನ ನೆಟ್

ಅವರು ದಿನಾ ಕೂರುತ್ತಿದ್ದ ಹೊತ್ತನ್ನೇ, ಅವರು ಬಳಸುತ್ತಿದ್ದ ಫ್ರೀಕ್ವೆನ್ಸಿಯನ್ನೇ ಆರಿಸಿ. ಎರಡು ಮೀಟರ್ (ಅಲೆಯ ಉದ್ದ) ಬ್ಯಾಂಡಿನಲ್ಲಾದರೆ ಭಾರತದಲ್ಲಿ 144ರಿಂದ 146 ಮೆಗಾಹರ್ಟ್ಸ್‌ವರೆಗೆ ನಮಗೆ ಜಾಗವಿದೆ. ನೆಟ್ ನಡೆಸಲು ಒಬ್ಬರು, ಎದುರು ದಂಡೆಯಲ್ಲಿ ಅಂದರೆ ಹೊಸಪೇಟೆ ಕಡೆ ಸಹಾಯಕ್ಕೆ ಒಬ್ಬರು ಇರಲಿ. ನಡುವೆ ಗುಡ್ಡ ಅಡ್ಡ ಬಂದವರ ಮಾತನ್ನು ಆ ಎರಡನೆಯವರು ಎತ್ತಿ ದಾಟಿಸುತ್ತಾರೆ. ಒಟ್ಟು ಅರ್ಧ ತಾಸು ಸಾಕು. ಒಬ್ಬೊಬ್ಬರಿಗೂ ಒಂದೂವರೆ ನಿಮಿಷ ಎಂದು ಮೊದಲೇ ಹೇಳಿ. ಕರೆಯನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಎಷ್ಟೋ ರಿಪೀಟರ್‌ಗಳಲ್ಲಿ ಟೈಮರ್ ಇರುತ್ತದೆ, ಉದ್ದಕ್ಕೆ ಮಾತಾಡಿದರೆ ವಾಕ್ಯದ ನಡುವೆಯೇ ಕತ್ತರಿಸುತ್ತದೆ. ಗಂಟಲು ಕಟ್ಟಿದವರ ಮಾತು ಹಾಗೆ ತುಂಡಾಗಬಾರದು.

ಭಜನೆ, ಹಾಡು ಯಾವುದನ್ನೂ ಗಾಳಿಗೆ ಬಿಡುವಂತಿಲ್ಲ. ಹವ್ಯಾಸಿ ಬ್ಯಾಂಡಿನಲ್ಲಿ ಸಂಗೀತ ನಿಷಿದ್ಧ. ಪರವಾನಗಿ ಇಲ್ಲದ ಮನೆಯವರ ಕೈಗೆ ಮೈಕ್ ಕೊಡುವುದೂ ಬೇಡ. ಅವರನ್ನು ಸ್ಪೀಕರ್ ಮುಂದೆ ಕೂರಿಸಿ, ಅವರ ಮಾತಿಗೆ ದಂಡೆಯ ಸಭೆಯಲ್ಲಿ ಜಾಗ ಕೊಡಿ.

ಕೊನೆಯ ಕರೆಯ ಕ್ರಮ ಹೀಗೆ. ಎಲ್ಲರ ಮಾತೂ ಮುಗಿದ ಮೇಲೆ ನೆಟ್ ನಡೆಸುವವರು, ‘ಈಗ ಕೊನೆಯ ಕರೆ, ಯಾರೂ ಗುಂಡಿ ಒತ್ತಬೇಡಿ, ತುರ್ತಿದ್ದರೆ ಮಾತ್ರ ಕರೆಯಿರಿ’ ಎನ್ನುತ್ತಾರೆ. ನಂತರ ತೀರಿಹೋದವರ ಕಾಲ್‌ಸೈನನ್ನು (ಪರವಾನಗಿಯ ಜೊತೆ ಸಿಗುವ ಗುರುತಿನ ಅಕ್ಷರ-ಅಂಕಿ) ಅಕ್ಷರ ಬಿಡಿಸಿ ಹೇಳಿ, ಕೂಡಲೇ ‘ಇದು’ ಎಂದು ತಮ್ಮ ಕಾಲ್‌ಸೈನ್ ಹೇಳುತ್ತಾರೆ. ಇದು ತಪ್ಪಲೇಬಾರದು. ಅವರನ್ನು ಕರೆಯಬಹುದು, ಅವರ ಕಾಲ್‌ಸೈನನ್ನು ನಮ್ಮದಾಗಿ ಬಳಸುವಂತಿಲ್ಲ. ಗುಂಡಿ ಬಿಟ್ಟು ಹತ್ತು ಸೆಕೆಂಡ್ ಕಾಯಿರಿ. ಉತ್ತರ ಬರುವುದಿಲ್ಲ. ಎರಡನೇ ಸಲ ಕರೆಯಿರಿ, ಮತ್ತೆ ಹತ್ತು ಸೆಕೆಂಡ್. ಮೂರನೇ ಕರೆಯ ನಂತರ ಒಂದು ನಿಮಿಷ ಮೌನ.

ಈ ಒಂದು ನಿಮಿಷದಲ್ಲಿ ಸೆಟ್ಟಿನ ಸದ್ದು ಕಡಿಮೆ ಮಾಡಬೇಡಿ, ಇನ್ನೂ ಸ್ವಲ್ಪ ಹೆಚ್ಚಿಸಿ. ಕರೆ ಇಲ್ಲದಾಗ ಸದ್ದನ್ನು ತಡೆಹಿಡಿಯುವ ಸ್ಕ್ವೆಲ್ಚ್ ಪೂರ್ತಿ ತೆರೆದರೆ ಸಣ್ಣಗೆ ಸುರಿಯುವ ‘ಸ್‌ಸ್’ ಸದ್ದು ಕೇಳುತ್ತದೆ. ದೂರದ ಕುಗ್ಗಿದ ಕರೆ ಸಿಗುವುದು ಆ ಸದ್ದಿನೊಳಗೇ. ಅವರು ವರ್ಷಗಟ್ಟಲೆ ಕೇಳುತ್ತ ಕೂತದ್ದೂ ಅದನ್ನೇ. ನಿಮಿಷ ಮುಗಿದ ಮೇಲೆ ಮೋರ್ಸ್‌ನಲ್ಲಿ ಎಸ್‌ಕೆ ಸಂಕೇತ: ಡಿ ಡಿ ಡಿ ಡಾ ಡಿ ಡಾ. ಎರಡು ಅಕ್ಷರಗಳ ನಡುವೆ ಬಿಡುವು ಕೊಡದೆ, ಒಂದೇ ಉಸಿರಿನಂತೆ, ನಿಧಾನಕ್ಕೆ ಒಮ್ಮೆ ಮಾತ್ರ ಬಡಿಯಿರಿ. ‘ನನ್ನ ಮಾತು ಮುಗಿಯಿತು’ ಎಂದು ಅದರ ಅರ್ಥ. ಆಮೇಲೆ ಏನನ್ನೂ ಸೇರಿಸದೆ ನೆಟ್ ಮುಗಿಸಿ.

ದಂಡೆಯಲ್ಲಿ ಸ್ಪೀಕರ್ ಹಾಕಿದ್ದರೆ ಮೈಕ್ ಹಿಡಿದವರು ಅದರಿಂದ ಹದಿನೈದು ಮೀಟರ್ ದೂರ ನಿಲ್ಲಲಿ, ಇಯರ್‌ಫೋನ್ ಬಳಸಲಿ. ಇಲ್ಲವಾದರೆ ಕೀಂ ಎಂಬ ಕೂಗು ಎದ್ದು ಎಲ್ಲ ಹಾಳಾಗುತ್ತದೆ. ತೆಪ್ಪದಲ್ಲಿ ಹೋಗಿ ಹೂ ಬಿಡುವ ಆಸೆಯಿದ್ದರೆ ಬೆಳಗ್ಗೆಯೇ, ಗಾಳಿ ಏಳುವ ಮುನ್ನ, ಲೈಫ್ ಜಾಕೆಟ್ ಹಾಕಿಕೊಂಡು ಹೋಗಿ ಬನ್ನಿ. ಆಷಾಢದ ಗಾಳಿಯಲ್ಲಿ ಹೋಗುವುದು ಬೇಡವೇ ಬೇಡ.

ಅವರ ಹೊತ್ತನ್ನು ಉಳಿಸುವುದು

ಎರಡು ದಂಡೆಗಳ ಹ್ಯಾಮ್‌ಗಳನ್ನು ಜೋಡಿಸಲು ಆಂಟೆನಾ ಬೇಕು. ತೀರಿಹೋದವರ ಹಳೆಯದು ಬಾಳಿಕೆ ಮುಗಿಸಿದ್ದರೆ ಹೊಸದನ್ನು ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದು. ಕೇಬಲ್ ಕೂರಿಸುವ, ಚೌಕ ತಳದ ಎಸ್‌ಒ-239 ಸಾಕೆಟ್ ಒಂದು, 3 ಮಿಲಿಮೀಟರ್ ದಪ್ಪದ ಹಿತ್ತಾಳೆ ಕಡ್ಡಿ ಸುಮಾರು ಮೂರು ಮೀಟರ್, ನಾಲ್ಕು ಸಣ್ಣ ಬೋಲ್ಟ್ ನಟ್. ನಡುವಿನ ಪಿನ್ನಿಗೆ 50 ಸೆಂಟಿಮೀಟರ್ ಕಡ್ಡಿಯನ್ನು ನೆಟ್ಟಗೆ ಬೆಸುಗೆ ಹಾಕಿ. ನಾಲ್ಕು ಮೂಲೆಗಳಿಗೆ 52 ಸೆಂಟಿಮೀಟರಿನ ನಾಲ್ಕು ಕಡ್ಡಿ ಬಿಗಿದು 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಅಡ್ಡಡ್ಡ ಬಿಟ್ಟರೆ ಇಂಪಿಡೆನ್ಸ್ (ಆಂಟೆನಾ ಒಡ್ಡುವ ವಿದ್ಯುತ್ ತಡೆ) ಸುಮಾರು 36 ಓಮ್ ಬರುತ್ತದೆ, ಬಗ್ಗಿಸಿದರೆ ಕೇಬಲ್ಲಿಗೆ ಹೊಂದುವ 50ರ ಹತ್ತಿರ ಬರುತ್ತದೆ. ಶಕ್ತಿ ಎಷ್ಟು ವಾಪಸು ಬರುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟು ನೆಟ್ಟಗಿನ ಕಡ್ಡಿಯನ್ನು ಎರಡೆರಡು ಮಿಲಿಮೀಟರ್ ಕತ್ತರಿಸುತ್ತ ಬನ್ನಿ. 145 ಮೆಗಾಹರ್ಟ್ಸ್‌ಗೆ ಅದು ಸುಮಾರು 49 ಸೆಂಟಿಮೀಟರಿಗೆ ನಿಲ್ಲುತ್ತದೆ. ಒಂದು ಮಿಲಿಮೀಟರ್ ಕಡಿದರೆ ಆಂಟೆನಾ ಹೊಂದುವ ಫ್ರೀಕ್ವೆನ್ಸಿ 0.3 ಮೆಗಾಹರ್ಟ್ಸ್ ಮೇಲೇರುತ್ತದೆ. ಆತುರಪಟ್ಟು ಹೆಚ್ಚು ಕಡಿದರೆ ಮತ್ತೆ ಕಡ್ಡಿ ಬೆಸೆಯಬೇಕಾದೀತು. ಮೀಟರ್ 1.5ಕ್ಕಿಂತ ಕೆಳಗೆ ಬಂದರೆ ಕತ್ತರಿಸುವುದನ್ನು ನಿಲ್ಲಿಸಿ.

ಕೇಬಲ್ ಇಪ್ಪತ್ತು ಮೀಟರ್ ಬೇಕಿದ್ದರೆ ತೆಳು ಆರ್‌ಜಿ-58 ಬೇಡ, ಅಷ್ಟು ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೇಬಲ್ಲಿನಲ್ಲೇ ಕರಗುತ್ತದೆ. ದಪ್ಪನೆಯ ಆರ್‌ಜಿ-213 ತನ್ನಿ. ಜೋಡಣೆಗೆ ವಿನೆಗರ್ ವಾಸನೆಯ ಸಿಲಿಕಾನ್ ಮೆತ್ತಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನಮ್ಮ ಕಡೆ ಬಿಸಿಲಿನಷ್ಟೇ ಕಾಟ ಮಂಗಗಳದು, ಜೋತಾಡುವ ಕೇಬಲ್ ಕಂಡರೆ ಬಿಡುವುದಿಲ್ಲ. ಪೈಪಿನೊಳಗೆ ಇಳಿಸಿ. ಕಂಬ ಎತ್ತುವಾಗ ಅದು ಬಿದ್ದರೂ ಕರೆಂಟ್ ತಂತಿಗೆ ತಾಗದಷ್ಟು ದೂರ ಇರಬೇಕು.

ತೆಪ್ಪದವರಿಗೆ ಹ್ಯಾಮ್ ಸೆಟ್ ಕೊಡುವುದು ಕಾನೂನಿಗೆ ವಿರುದ್ಧ. ಅವರಿಗೆ ಪರವಾನಗಿ ಬೇಡದ 446.0ರಿಂದ 446.2 ಮೆಗಾಹರ್ಟ್ಸ್‌ನ, ಅರ್ಧ ವ್ಯಾಟ್ ಮೀರದ, ಅನುಮೋದಿತ ವಾಕಿಟಾಕಿ ಕೊಡಿ, ದಂಡೆಯಲ್ಲೂ ಅದರದೇ ಜೊತೆ ಇಡಿ. ಆಂಟೆನಾ ಬದಲಿಸುವಂತಿಲ್ಲ, ಆದ್ದರಿಂದ ಕೇಳುವವರೇ ಮಾಳಿಗೆ ಏರಬೇಕು. ಎರಡೂ ಕಡೆಯ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅವುಗಳ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿ: ತೆಪ್ಪದಲ್ಲಿ 1 ಮೀಟರ್, ಮಾಳಿಗೆ 9 ಮೀಟರ್ ಆದರೆ ಸುಮಾರು 16 ಕಿಲೋಮೀಟರ್. ಇದು ಅಲೆ ನೇರ ಹೋಗಬಲ್ಲ ಮಿತಿ ಮಾತ್ರ, ಅರ್ಧ ವ್ಯಾಟಿಗೆ ಅದರ ಅರ್ಧವನ್ನೇ ನಂಬಿ. ಸೆಟ್ಟನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಳ್ಳಲಿ. ಮಾತಾಡುವಾಗ ಎತ್ತಿ ನೆಟ್ಟಗೆ ಹಿಡಿದು ದಂಡೆಗೆ ಮುಖ ಮಾಡಲಿ, ಬೆನ್ನು ಮಾಡಿದರೆ ಮೈಯೇ ಅಲೆಯನ್ನು ನುಂಗುತ್ತದೆ.

ಜಾಗ ಹೇಳುವುದಕ್ಕೆ ಏಳೆಂಟು ಗುರುತುಗಳನ್ನು ಅಂಬಿಗರೊಂದಿಗೆ ಕೂತು ಗೊತ್ತುಮಾಡಿ, ನಂಬರ್ ಕೊಡಿ. ಬೇಸಿಗೆಯಲ್ಲಿ ನಡುಗಡ್ಡೆಯಾಗಿದ್ದದ್ದು ಶ್ರಾವಣಕ್ಕೆ ಮುಳುಗಿರುತ್ತದೆ, ಹಾಗಾಗಿ ತುಂಬಿದ ನೀರಿಗೆ ಒಂದು ಪಟ್ಟಿ, ಇಳಿದ ನೀರಿಗೆ ಇನ್ನೊಂದು. ಕರೆ ಹೀಗೆ ಚಿಕ್ಕದಾಗಿರಲಿ: ‘ಮೂರನೇ ಗುರುತಿನ ಹತ್ರ ಅದೀವ್ರಿ, ಇಬ್ರು, ಗಾಳಿ ಎದ್ದೈತಿ, ತೆಪ್ಪದಾಗ ನೀರು ಬರಾಕತ್ತೈತಿ.’ ಎಲ್ಲಿ, ಎಷ್ಟು ಜನ, ಏನಾಗಿದೆ, ಈ ಮೂರೇ. ದಂಡೆಯವರು ಅದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಂಡು 112ಕ್ಕೆ ಕರೆ ಮಾಡಬೇಕು, ಹತ್ತಿರದ ತೆಪ್ಪಗಳಿಗೆ ಸುದ್ದಿ ಮುಟ್ಟಿಸಬೇಕು. ಅಣೆಕಟ್ಟಿನ ಗೇಟ್ ಎತ್ತುವ ಸೂಚನೆ ಬಂದರೆ ಕೆಳಗಿನ ಹೊಳೆಯಲ್ಲಿರುವವರಿಗೂ ಇದೇ ದಾರಿಯಲ್ಲಿ ತಿಳಿಸಬಹುದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದದ್ದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಸರದಿಗೆ ಕನಿಷ್ಠ ನಾಲ್ವರು ಬೇಕು. ಇಬ್ಬರೇ ಆದರೆ ಒಬ್ಬರ ಮನೆಯಲ್ಲಿ ಮದುವೆ ಬಂದರೂ ಹೊತ್ತು ತಪ್ಪುತ್ತದೆ. ಹೊಸ ಲಾಗ್ ಪುಸ್ತಕದ ಮೊದಲ ಸಾಲಿನಲ್ಲಿ ನೆನಪಿನ ನೆಟ್‌ನ ತಾರೀಖು, ಹೊತ್ತು ಬರೆಯಿರಿ. ಯಾರೂ ಕರೆಯದ ದಿನವೂ ಪುಟ ಖಾಲಿ ಬಿಡಬೇಡಿ. ಕೂತ ಹೊತ್ತು, ಎದ್ದ ಹೊತ್ತು ಬರೆದು ‘ಕರೆ ಇಲ್ಲ’ ಎಂದು ಹಾಕಿ. ಖಾಲಿ ಪುಟ ನೋಡಿದವರಿಗೆ ಅಂದು ಯಾರೂ ಕರೆಯಲಿಲ್ಲವೋ, ಯಾರೂ ಕೇಳುತ್ತಿರಲಿಲ್ಲವೋ ತಿಳಿಯುವುದಿಲ್ಲ.