ಊಟದ ಮನೆಯ ಗಾಳಿಗೆ ದಿಕ್ಕು ತೋರಿಸಿದ ಬಗೆ

ತುಮಕೂರಿನ ಶಿರಾ ಗೇಟ್ ಕಡೆಯ ಒಂದು ಕಲ್ಯಾಣ ಮಂಟಪದ ಮಾಲೀಕರು ನನ್ನನ್ನು ಕರೆಸಿಕೊಂಡದ್ದು ವೈಶಾಖದ ಮದುವೆಗಳ ಭರಾಟೆಯ ನಡುವೆ. ಅವರ ಊಟದ ಮನೆ 24 ಮೀಟರ್ ಉದ್ದ, 14 ಮೀಟರ್ ಅಗಲ, 3.6 ಮೀಟರ್ ಎತ್ತರದ್ದು. ಒಂದು ಪಂಕ್ತಿಗೆ 300 ಜನ ಕೂರುತ್ತಾರೆ. ಪಡುವಣ ಗೋಡೆಯಲ್ಲಿ ಆರು ಎಕ್ಸಾಸ್ಟ್ ಫ್ಯಾನುಗಳಿದ್ದರೂ ಎರಡನೆಯ ಪಂಕ್ತಿಯ ಹೊತ್ತಿಗೆ ಜನ ಬೆವರಿ, ಪಾಯಸ ಬರುವ ಮೊದಲೇ ಎದ್ದುಹೋಗುತ್ತಿದ್ದಾರೆ ಎಂಬುದು ಅವರ ಕೊರಗಾಗಿತ್ತು. ಇನ್ನೂ ನಾಲ್ಕು ಫ್ಯಾನು ಕೂರಿಸಿಬಿಡೋಣವೇ ಎಂದು ಅವರು ಕೇಳಿದರು. ಕಟ್ಟಡಗಳ ಗಾಳಿ ವ್ಯವಸ್ಥೆಯ ಕೆಲಸಕ್ಕೆ ಇಳಿದ ಮೊದಲ ವರ್ಷಗಳಲ್ಲಿ ನಾನೂ ಹೂಂ ಎನ್ನುತ್ತಿದ್ದೆನೇನೋ. ಈಗ ಮೊದಲು ಅಳೆಯದೆ ಯಾವ ಮಾತನ್ನೂ ಕೊಡುವುದಿಲ್ಲ.

ಅಂದು ಮದುವೆ ನಡೆಯುತ್ತಿತ್ತು. ಊಟದ ಮನೆಯ ಪಡುವಣ ತುದಿಯಲ್ಲಿ ನಿಂತು ಕಾರ್ಬನ್ ಡೈಆಕ್ಸೈಡ್ ಮಾಪಕವನ್ನು ನೋಡಿದೆ. ಜನರ ಉಸಿರಿನಿಂದ ಸೇರುವ ಈ ಅನಿಲ ಹೆಚ್ಚಿದಷ್ಟೂ ಹೊಸ ಗಾಳಿ ಸಾಲದೆಂದು ಅರ್ಥ. ಹೊರಗೆ ಹತ್ತು ಲಕ್ಷಕ್ಕೆ 420 ಪಾಲಿನ ಆಸುಪಾಸಿನಲ್ಲಿರುವ ಅಂಕಿ ಒಳಗೆ 1,600 ದಾಟಿತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆ ಬಿತ್ತು. ಅರ್ಧ ನಿಮಿಷ ಕಳೆಯುವುದರೊಳಗೆ ಒಣಮೆಣಸಿನ ಘಾಟು ಇಡೀ ಊಟದ ಮನೆಯನ್ನು ಹಾದು ನನ್ನ ಗಂಟಲಿಗೆ ತಲುಪಿತು. ಅಡುಗೆಯ ಮುಖ್ಯಸ್ಥರಾದ ಭಟ್ಟರು ಬಾಗಿಲಲ್ಲಿ ನಿಂತು, "ನೋಡಿ ಸ್ವಾಮಿ, ಒಗ್ಗರಣೆ ನಾನು ಇಲ್ಲಿ ಹಾಕ್ತೀನಿ, ಕೆಮ್ಮು ಆ ಕಡೆ ಕೊನೇ ಸಾಲಿನವರಿಗೆ ಬರುತ್ತೆ" ಎಂದರು. ನನಗೆ ಬೇಕಾಗಿದ್ದ ಸುಳಿವು ಆ ಮಾತಿನಲ್ಲೇ ಇತ್ತು. ವಾಸ್ತುವಿನಂತೆ ಅಡುಗೆಮನೆ ಆಗ್ನೇಯ ಮೂಲೆಯಲ್ಲಿದೆ, ಫ್ಯಾನುಗಳು ಪಡುವಣ ಗೋಡೆಯಲ್ಲಿವೆ, ರಸ್ತೆಯ ದೂಳು ಬರುತ್ತದೆಂದು ಕಿಟಕಿಗಳಿಗೆಲ್ಲ ತೆರೆಯಲಾಗದ ಗಾಜು ಕೂರಿಸಿದ್ದಾರೆ. ಹೊರಗಿನ ಗಾಳಿ ಬರಲು ಬೇರೆ ದಾರಿಯೇ ಇಲ್ಲದ್ದರಿಂದ ಫ್ಯಾನುಗಳು ಅಡುಗೆಮನೆಯ ಹೊಗೆಯನ್ನೂ ಹಬೆಯನ್ನೂ ಉಣ್ಣುವವರ ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದವು.

ಮರುದಿನ ಮಂಟಪ ಖಾಲಿಯಿತ್ತು. ಆರರಲ್ಲಿ ಎರಡು ಫ್ಯಾನು ಕೆಟ್ಟು ನಿಂತಿದ್ದವು, ಅವುಗಳ ಹೊರಮುಚ್ಚಳದ ಪಟ್ಟಿಗಳು ಕಳಚಿ ಬಿದ್ದಿದ್ದವು. ದೇವರ ಮನೆಯಿಂದ ಒಂದು ಊದುಬತ್ತಿ ತರಿಸಿ, ಉಳಿದ ನಾಲ್ಕನ್ನು ಓಡಿಸಿ, ನಿಂತ ಫ್ಯಾನಿನ ಮುಂದೆ ಹಿಡಿದೆ. ಹೊಗೆ ಹೊರಗೆ ಹೋಗುವ ಬದಲು ನೇರವಾಗಿ ನನ್ನ ಮುಖಕ್ಕೆ ಬಂದು, ಗೋಡೆಗುಂಟ ಬಾಗಿ, ಪಕ್ಕದಲ್ಲಿ ಓಡುತ್ತಿದ್ದ ಫ್ಯಾನಿನೊಳಗೆ ನುಗ್ಗಿತು. ಅಂದರೆ ಈ ಫ್ಯಾನು ಹೊರಹಾಕಿದ ಗಾಳಿಯೇ ಆ ತೂತಿನಿಂದ ಒಳಗೆ ಬಂದು ಮತ್ತೆ ಇದರ ಬಾಯಿಗೆ ಸೇರುತ್ತಿತ್ತು. ಮಾಲೀಕರಿಗೆ ನಾನು ಯಾವ ಲೆಕ್ಕವನ್ನೂ ವಿವರಿಸಬೇಕಾಗಲಿಲ್ಲ, ಅವರೇ ಊದುಬತ್ತಿಯನ್ನು ಕೈಗೆ ತೆಗೆದುಕೊಂಡು ಮೂರು ಸಲ ಹಿಡಿದು ನೋಡಿದರು.

ಆ ಎರಡು ತೂತುಗಳಿಗೆ ಪ್ಲೈವುಡ್ ಬಡಿದು ಉಳಿದ ನಾಲ್ಕನ್ನು ಅಳೆದೆವು. ಪ್ರತಿ ಫ್ಯಾನಿನ ಮುಖವನ್ನು ಒಂಬತ್ತು ಚೌಕಗಳಾಗಿ ಭಾಗಿಸಿ ಒಂದೊಂದರಲ್ಲೂ ಗಾಳಿಯ ವೇಗ ಬರೆದುಕೊಳ್ಳುವುದು ನನ್ನ ರೂಢಿ, ಏಕೆಂದರೆ ನಡುವೆ ಮೋಟಾರು ಅಡ್ಡವಿರುವಲ್ಲಿಯೂ ರೆಕ್ಕೆಯ ತುದಿಯಲ್ಲಿಯೂ ವೇಗ ಒಂದೇ ಇರುವುದಿಲ್ಲ. ಗಂಟೆಗೆ ತಲಾ 5,000 ಘನಮೀಟರ್ ಎಂದು ಬರೆದಿದ್ದ ಫ್ಯಾನುಗಳು ನಾಲ್ಕೂ ಸೇರಿ ಸಾಗಿಸುತ್ತಿದ್ದದ್ದು 5,400 ಘನಮೀಟರ್ ಮಾತ್ರ. ಇನ್ನೊಂದು ಅಳತೆಗೆ, ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಹಲಗೆಯ ಮೇಲೆ ಮಲಗಿಸಿದ ಪಾರದರ್ಶಕ ನಳಿಕೆಯಲ್ಲಿ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಒಳಗೂ ಇನ್ನೊಂದನ್ನು ಹೊರಗೂ ಇಟ್ಟೆವು. ಬಾಗಿಲುಗಳನ್ನು ಮುಚ್ಚಿದಾಗ ನೀರು 30 ಮಿಲಿಮೀಟರ್ ಸರಿಯಿತು. ಕೊಠಡಿಯ ಒತ್ತಡ ಹೊರಗಿನದಕ್ಕಿಂತ 3 ಮಿಲಿಮೀಟರ್ ನೀರಿನಷ್ಟು ಕಡಿಮೆಯಿದೆ ಎಂದು ಇದರ ಅರ್ಥ. ಕೇಳಲು ಅಲ್ಪವೆನಿಸಬಹುದು, ಆದರೆ ಗೋಡೆಗೆ ಕೂರಿಸುವ ಇಂಥ ಫ್ಯಾನಿನ ಪೂರ್ತಿ ಶಕ್ತಿಯೇ ಐದಾರು ಮಿಲಿಮೀಟರಿನಷ್ಟಿರುತ್ತದೆ.

ಗೋಡೆಯ ಈ ಫ್ಯಾನುಗಳು ಆಕ್ಸಿಯಲ್ ಜಾತಿಯವು, ಆಕ್ಸಿಯಲ್ ಫ್ಯಾನಿನ ಸ್ವಭಾವವನ್ನು ಇಲ್ಲಿ ಹೇಳಲೇಬೇಕು. ಗಾಳಿ ಅದರ ಅಚ್ಚಿನ ಗುಂಟ ನೇರವಾಗಿ ಬಂದು ನೇರವಾಗಿ ಹೋಗುತ್ತದೆ. ಅಡ್ಡಿ ಕಡಿಮೆಯಿರುವಲ್ಲಿ ಅಲ್ಪ ವಿದ್ಯುತ್ತಿನಲ್ಲಿ ರಾಶಿ ಗಾಳಿಯನ್ನು ಸಾಗಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಅಡ್ಡಿ ಹೆಚ್ಚಿದಂತೆ ಗಾಳಿ ಕುಸಿಯುತ್ತದೆ. ಒಂದು ಹಂತ ದಾಟಿದರೆ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವುದನ್ನೇ ಬಿಟ್ಟು ಸುಳಿಯಾಗಿ ಸಿಡಿಯುತ್ತದೆ, ಫ್ಯಾನು ಗುರುಗುಟ್ಟುತ್ತದೆ, ಗಾಳಿ ಕಡಿಮೆಯಾದರೂ ಮೋಟಾರಿನ ಮೇಲಿನ ಹೊರೆ ಏರುತ್ತದೆ. ಹಿಂದೊಮ್ಮೆ ಒಂದು ಗೋದಾಮಿನಲ್ಲಿ ನಾನು ಡಕ್ಟಿನ, ಅಂದರೆ ಗಾಳಿ ಸಾಗಿಸುವ ತಗಡಿನ ಕೊಳವೆಯ, ಮೊಣಕೈ ತಿರುವಿಗೆ ತಾಗಿಸಿಯೇ ಇಂಥ ಫ್ಯಾನನ್ನು ಜೋಡಿಸಿ ಈ ಗುರುಗುಟ್ಟುವಿಕೆಯನ್ನು ಕೇಳಿದ್ದೇನೆ. ಫ್ಯಾನಿನ ಬಾಯಿಗೆ ಮೊದಲು ಕನಿಷ್ಠ ಅದರ ವ್ಯಾಸದ ಒಂದೆರಡು ಪಟ್ಟು ನೇರ ದಾರಿ ಇರಬೇಕೆಂಬುದನ್ನು ಆ ಮೇಲೆ ಮರೆತಿಲ್ಲ. ಆದ್ದರಿಂದ ಮಾಲೀಕರಿಗೆ ಹೇಳಿದೆ: ಹಣವನ್ನು ಮೊದಲು ಗಾಳಿಯ ದಾರಿಗೆ ಹಾಕೋಣ, ಫ್ಯಾನಿಗೆ ಆಮೇಲೆ.

ಎಷ್ಟು ಗಾಳಿ ಬೇಕೆಂಬ ಲೆಕ್ಕ ಕಷ್ಟದ್ದೇನಲ್ಲ. ಕೊಠಡಿಯ ಗಾತ್ರ ಸುಮಾರು 1,210 ಘನಮೀಟರ್. ಗಂಟೆಗೆ 20 ಸಲ ಗಾಳಿ ಬದಲಾಗಬೇಕೆಂದರೆ ಸೆಕೆಂಡಿಗೆ 6.7 ಘನಮೀಟರ್ ಬೇಕು. ಕುಳಿತು ಉಣ್ಣುವ ಒಬ್ಬರ ಮೈಯಿಂದ, ಬೆವರಿನ ಪಾಲನ್ನು ಬಿಟ್ಟು, ಸುಮಾರು 75 ವಾಟ್ ಶಾಖ ಬರುತ್ತದೆ. 300 ಜನ, ಬಿಸಿ ಅನ್ನ ಸಾರು, ದೀಪಗಳು ಎಲ್ಲ ಸೇರಿ 25 ಕಿಲೋವಾಟ್ ಎಂದು ಹಿಡಿದೆ. ಇಲ್ಲೊಂದು ತಿದ್ದುಪಡಿ ಬೇಕು. ಫ್ಯಾನು ತಯಾರಕರ ಪಟ್ಟಿಗಳು ಸಮುದ್ರ ಮಟ್ಟದ ಗಾಳಿಗೆ ಬರೆದಂಥವು. ತುಮಕೂರು ಸುಮಾರು 820 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮ ಗಾಳಿ ಅದಕ್ಕಿಂತ ನೂರಕ್ಕೆ ಒಂಬತ್ತು ಪಾಲು ಹಗುರ, ಅಷ್ಟೇ ಪಾಲು ಕಡಿಮೆ ಶಾಖವನ್ನು ಹೊರುತ್ತದೆ, ಫ್ಯಾನು ಕೊಡುವ ಒತ್ತಡವೂ ಅಷ್ಟೇ ತಗ್ಗುತ್ತದೆ. ಇದನ್ನು ಸೇರಿಸಿಕೊಂಡರೂ 6.7 ಘನಮೀಟರಿಗೆ ಒಳಗಿನ ತಾಪಮಾನ ಹೊರಗಿನದಕ್ಕಿಂತ ಮೂರೂವರೆ ಡಿಗ್ರಿಯಷ್ಟು ಮಾತ್ರ ಏರುತ್ತದೆ. ಹಳೆಯ ಫ್ಯಾನುಗಳ ಗಾಳಿಗೆ ಇದೇ ಲೆಕ್ಕ ಹಾಕಿದರೆ 15 ಡಿಗ್ರಿ ದಾಟುತ್ತದೆ. ಗೋಡೆ, ನೆಲಗಳು ಒಂದಷ್ಟು ಶಾಖ ಹೀರುವುದರಿಂದ ನಿಜದಲ್ಲಿ ಅಷ್ಟು ಏರುವುದಿಲ್ಲವಾದರೂ, ಜನ ಬೆವರಿದ್ದೇಕೆಂದು ಇದರಿಂದ ತಿಳಿಯುತ್ತದೆ.

ಮದುವೆಗಳಿಲ್ಲದ ಆಷಾಢದಲ್ಲಿ ಕೆಲಸ ಹಿಡಿದದ್ದು ಒಳ್ಳೆಯದೇ ಆಯಿತು. ಆಷಾಢದ ಗಾಳಿ ಪಡುವಣದಿಂದ ಬೀಸುವಾಗ, ಆರಿಸಿದ ಹಳೆಯ ಫ್ಯಾನುಗಳು ಗರಗರನೆ ಹಿಮ್ಮುಖವಾಗಿ ತಿರುಗುತ್ತಿದ್ದವು. ಸೆಕೆಂಡಿಗೆ 8 ಮೀಟರ್ ವೇಗದ ಗಾಳಿ ಗೋಡೆಗೆ ಬಡಿದರೆ ಸುಮಾರು 3.5 ಮಿಲಿಮೀಟರ್ ನೀರಿನ ಒತ್ತಡ ಬೀಳುತ್ತದೆ. ಆ ಫ್ಯಾನುಗಳು ವರ್ಷದ ಮೂರ್ನಾಲ್ಕು ತಿಂಗಳು ಇದಕ್ಕೇ ಎದೆಯೊಡ್ಡಿ ತಳ್ಳುತ್ತಿದ್ದವು. ಹೀಗಾಗಿ ಇಡೀ ಹರಿವನ್ನೇ ತಿರುಗಿಸಲು ತೀರ್ಮಾನಿಸಿದೆ. ಪಡುವಣ ಗೋಡೆ ಗಾಳಿ ಬರುವ ದಾರಿಯಾಗಬೇಕು. ಬಂದ ಗಾಳಿ ಉಣ್ಣುವವರನ್ನು ದಾಟಿ ಮೂಡಣ ತುದಿಗೆ ಸಾಗಬೇಕು. ಅಲ್ಲಿ ಒಂದು ಪಾಲು ಅಡುಗೆಮನೆಗೆ, ಉಳಿದದ್ದು ಬಡಗಣ ಗೋಡೆಯ ಈಶಾನ್ಯ ಮೂಲೆಯಿಂದ ಹೊರಕ್ಕೆ ಹೋಗಬೇಕು.

ಪಡುವಣ ಗೋಡೆಯಲ್ಲಿ ಒಂದೂವರೆ ಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರದ ಐದು ಲೂವರುಗಳನ್ನು, ಅಂದರೆ ಓರೆ ಪಟ್ಟಿಗಳ ಗಾಳಿಕಿಂಡಿಗಳನ್ನು, ಕೂರಿಸಿದೆವು. ಓರೆ ಪಟ್ಟಿಗಳೇ ಅರ್ಧ ಜಾಗ ತಿನ್ನುವುದರಿಂದ ಗಾಳಿಗೆ ಸಿಗುವುದು ಸುಮಾರು 3.4 ಚದರ ಮೀಟರ್, ವೇಗ ಸೆಕೆಂಡಿಗೆ 2 ಮೀಟರ್. ಇದಕ್ಕಿಂತ ವೇಗ ಹೆಚ್ಚಾದರೆ ಮಳೆಹನಿಯೂ ಜೊತೆಗೆ ಒಳಬರುತ್ತದೆ. ಅವುಗಳ ತಳವನ್ನು ನೆಲದಿಂದ 2.1 ಮೀಟರ್ ಮೇಲಿಟ್ಟದ್ದಕ್ಕೆ ಕಾರಣ ಬಾಳೆಎಲೆ. ಮೊದಲ ಸಾಲಿನಲ್ಲಿ ಕೂತವರ ಎಲೆಯ ತುದಿ ಗಾಳಿಗೆ ಮಡಚಿ ಪಲ್ಯದ ಮೇಲೆ ಬೀಳುವಂತಾದರೆ ನನ್ನ ಲೆಕ್ಕ ಎಷ್ಟೇ ಸರಿಯಿದ್ದರೂ ಯಾರೂ ಒಪ್ಪುವುದಿಲ್ಲ.

ಈಶಾನ್ಯ ಮೂಲೆಗೆ 750 ಮಿಲಿಮೀಟರ್ ವ್ಯಾಸದ ಎರಡು ಆಕ್ಸಿಯಲ್ ಫ್ಯಾನು ತಂದೆವು. ಇವು ಒಂದೊಂದೂ ಸೆಕೆಂಡಿಗೆ 2.35 ಘನಮೀಟರ್ ಸಾಗಿಸಬೇಕು, ಉಳಿದ 2 ಘನಮೀಟರ್ ಅಡುಗೆಮನೆಯ ಪಾಲು. ನಿಮಿಷಕ್ಕೆ 1,440 ಸುತ್ತಿನ ಚಿಕ್ಕ ಫ್ಯಾನು ಅಗ್ಗಕ್ಕೆ ಸಿಗುತ್ತಿತ್ತು. ನಾನು 930 ಸುತ್ತಿನ ದೊಡ್ಡದನ್ನೇ ಹಟ ಹಿಡಿದು ಕೊಡಿಸಿದೆ. ಒಂದೇ ಫ್ಯಾನನ್ನು 930ರ ಬದಲು 1,440 ಸುತ್ತಿನಲ್ಲಿ ಓಡಿಸಿದರೆ ಸದ್ದು ಸುಮಾರು 9 ಡೆಸಿಬೆಲ್ ಏರುತ್ತದೆ. ಬಡಿಸುವವರು "ಅನ್ನ, ಅನ್ನ" ಎಂದು ಕೂಗುವುದೂ ಕೇಳದಂಥ ಊಟದ ಮನೆ ಯಾರಿಗೂ ಬೇಡ. ಫ್ಯಾನಿನ ಸುತ್ತಲಿನ ಬಳೆಯನ್ನು ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಮಾಡಿಸಿದೆವು. ಒಂದು ಬಳೆ ಕೊಂಚ ಮೊಟ್ಟೆಯಾಕಾರಕ್ಕೆ ತಿರುಗಿ, ರೆಕ್ಕೆಯ ತುದಿಗೂ ತಗಡಿಗೂ ನಡುವೆ ಒಂದು ಕಡೆ 15 ಮಿಲಿಮೀಟರ್ ಸಂದು ಉಳಿದಿತ್ತು. ವ್ಯಾಸದ ನೂರಕ್ಕೆ ಒಂದು ಪಾಲು, ಅಂದರೆ ಏಳೆಂಟು ಮಿಲಿಮೀಟರ್ ಮೀರಿದರೆ ತಳ್ಳಿದ ಗಾಳಿ ಆ ಸಂದಿನಿಂದಲೇ ಹಿಂದಕ್ಕೆ ನುಸುಳುತ್ತದೆ. ವಾಪಸು ಕಳಿಸಿ ಸುತ್ತು ಸರಿ ಮಾಡಿಸಿದ ಮೇಲೆಯೇ ಬೋಲ್ಟು ಬಿಗಿದೆವು.

ಅಡುಗೆಮನೆಯ ಒಲೆಗಳ ಮೇಲೆ ಹೊಗೆ ಸೆಳೆಯುವ ಹುಡ್ಡಿಗೆ ಮಾತ್ರ ಆಕ್ಸಿಯಲ್ ಬೇಡವೆಂದೆ. ಜಿಡ್ಡು ತಡೆಯುವ ಫಿಲ್ಟರು, ಎರಡು ತಿರುವು, ಮಾಳಿಗೆಯವರೆಗಿನ ಡಕ್ಟು ಸೇರಿ ಅಲ್ಲಿ 40 ಮಿಲಿಮೀಟರ್ ನೀರಿನ ಒತ್ತಡಕ್ಕೂ ಹೆಚ್ಚಿನ ಅಡ್ಡಿಯಿತ್ತು. ಅದು, ಗಾಳಿಯನ್ನು ಚಕ್ರದ ಅಂಚಿಗೆ ಎಸೆದು ಹೆಚ್ಚು ಒತ್ತಡ ಕೊಡುವ ಸೆಂಟ್ರಿಫ್ಯೂಗಲ್ ಬ್ಲೋಯರಿನ ಕೆಲಸ. ಜಿಡ್ಡಿನ ಬಿಸಿಗಾಳಿ ಮೋಟಾರಿನ ಮೇಲೆಯೇ ಹಾಯುವಂಥ ಸಾದಾ ಫ್ಯಾನನ್ನು ಹುಡ್ಡಿಗೆ ಹಾಕುವವರಿದ್ದಾರೆ, ಬೆಂಕಿಯ ದೃಷ್ಟಿಯಿಂದಲೂ ಅದು ಅಪಾಯ. ಆ ಬ್ಲೋಯರು ಸೆಳೆಯುವ ಗಾಳಿಯಲ್ಲಿ ಬಹುಪಾಲು ಊಟದ ಮನೆಯಿಂದ ಬಾಗಿಲ ಮೇಲಿನ ತೆರಪಿನ ಮೂಲಕ ಹೋಗುವಂತೆ ಮಾಡಿದೆವು, ಉಳಿದದ್ದು ಅಡುಗೆಮನೆಯ ಕಿಟಕಿಯಿಂದ ಬರುತ್ತದೆ. ಹೀಗೆ ಅಡುಗೆಮನೆಯ ಒತ್ತಡ ಸದಾ ಕಡಿಮೆಯಿರುವುದರಿಂದ ಘಾಟು ಇತ್ತ ಬರುವಂತಿಲ್ಲ.

ಫ್ಯಾನುಗಳಿಗೆ ವೇಗ ಬದಲಿಸುವ ಡ್ರೈವ್ ಹಾಕಿದ್ದು ಪಂಕ್ತಿಯ ಲಯಕ್ಕಾಗಿ. ಎಲೆ ಹಾಕಿ ಜನ ಕೂತಾಗ 50 ಹರ್ಟ್ಸ್, ಅಂದರೆ ಪೂರ್ತಿ ವೇಗ, ಎಲೆ ತೆಗೆದು ನೆಲ ಒರೆಸುವಾಗ 40 ಹರ್ಟ್ಸ್. ವೇಗ ನೂರಕ್ಕೆ 80ಕ್ಕೆ ಇಳಿದರೆ ಗಾಳಿಯೂ 80ಕ್ಕೆ ಇಳಿಯುತ್ತದೆ, ಆದರೆ ಫ್ಯಾನು ಬೇಡುವ ಶಕ್ತಿ ಸುಮಾರು 51ಕ್ಕೆ ಇಳಿಯುತ್ತದೆ. ಇನ್ನೊಂದು ಮಾತು. ಆ ಕೊಠಡಿಯ ಅಡ್ಡಳತೆಗೆ 6.7 ಘನಮೀಟರ್ ಹರಿದರೂ ಮೈಗೆ ತಾಗುವ ವೇಗ ಸೆಕೆಂಡಿಗೆ 0.13 ಮೀಟರ್ ಅಷ್ಟೇ. ಗಾಳಿ ಬದಲಾಗುವುದೇ ಬೇರೆ, ಗಾಳಿ ಬೀಸುವುದೇ ಬೇರೆ. ಆದ್ದರಿಂದ ಸೀಲಿಂಗ್ ಫ್ಯಾನುಗಳನ್ನು ತೆಗೆಯಬೇಡಿ ಎಂದು ಹೇಳಿ ಉಳಿಸಿಕೊಂಡೆ.

ಶ್ರಾವಣದ ಮೊದಲ ಮದುವೆಯಲ್ಲಿ ಅದೇ ಜಾಗದಲ್ಲಿ ನಿಂತೆ. ಮಾಪಕ ಎರಡನೆಯ ಪಂಕ್ತಿ ಮುಗಿಯುವವರೆಗೂ 700ರ ಆಸುಪಾಸಿನಲ್ಲೇ ಇತ್ತು. ಭಟ್ಟರು ಒಗ್ಗರಣೆ ಹಾಕಿ ಬಾಗಿಲಿಗೆ ಬಂದು ಕೊನೆಯ ಸಾಲನ್ನು ನೋಡಿದರು. ಯಾರೂ ಕೆಮ್ಮಲಿಲ್ಲ.

ಆಮೇಲೆ ಎರಡು ತೊಂದರೆಗಳಾದವು. ಒಮ್ಮೆ ವಿದ್ಯುತ್ ಪ್ಯಾನೆಲ್ ರಿಪೇರಿಯಾದ ಮರುದಿನ ಸೆಕೆ ಶುರುವಾಯಿತೆಂದು ಕರೆ ಬಂತು. ಡ್ರೈವಿನಿಂದ ಮೋಟಾರಿಗೆ ಹೋಗುವ ತಂತಿಗಳಲ್ಲಿ ಎರಡು ಅದಲುಬದಲಾಗಿ ಒಂದು ಫ್ಯಾನು ಹಿಮ್ಮುಖವಾಗಿ ಓಡುತ್ತಿತ್ತು, ಪಕ್ಕದ ಫ್ಯಾನು ಹಾಕಿದ್ದನ್ನೆಲ್ಲ ಇದು ಒಳಗೆ ತರುತ್ತಿತ್ತು. ಈಗ ಬಳೆಯ ಮೇಲೆ ಕೆಂಪು ಬಾಣ ಬರೆಸಿ, ತಂತಿಗಳಿಗೆ ಗುರುತು ಕಟ್ಟಿದ್ದೇವೆ. ಇನ್ನೊಂದು, ಲೂವರಿನ ಹಿಂದಿನ ಸೊಳ್ಳೆ ಜಾಲರಿ. ಕಾರ್ತಿಕದ ಹೊತ್ತಿಗೆ ರಸ್ತೆಯ ದೂಳು ಅದರ ಕಣ್ಣುಗಳನ್ನು ಕಟ್ಟಿ, ಗಾಳಿ ಮೂರನೇ ಒಂದು ಪಾಲು ಇಳಿದಿತ್ತು. ಪೈಪಿನ ನೀರು ಹಿಡಿದು ತೊಳೆದ ಹತ್ತು ನಿಮಿಷಕ್ಕೆ ಮೊದಲಿನ ಅಂಕಿ ಮರಳಿತು. ಈಗ ಪ್ರತಿ ಅಮಾವಾಸ್ಯೆಗೆ ಮಂಟಪದ ಹುಡುಗರು ಜಾಲರಿ ತೊಳೆದು, ಸ್ವಿಚ್ ಬೋರ್ಡಿನ ಪಕ್ಕ ನೇತುಹಾಕಿದ ಪುಸ್ತಕದಲ್ಲಿ ದಿನಾಂಕ ಬರೆದು ಸಹಿ ಹಾಕುತ್ತಾರೆ.