ಮೀನಿನ ತಳಿ ಸುಧಾರಣೆಗೆ ಡಿಎನ್‌ಎ ಪರೀಕ್ಷೆ: ಎಲ್ಲಿ ಬೇಕು, ಹೇಗೆ ಮಾಡಬೇಕು?

ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು ಎಂಬ ಗಾದೆ ನಂಬಿಕೊಂಡು ಮೀನಿನ ತಳಿ ಆರಿಸಲು ಹೊರಟರೆ ಕೆಟ್ಟಿರಿ. ಕೊಳದಲ್ಲಿ ಎಲ್ಲಕ್ಕಿಂತ ದಪ್ಪಗಿರುವ ಮರಿ ಎರಡು ದಿನ ಮೊದಲೇ ಮೊಟ್ಟೆಯೊಡೆದು ಬಂದದ್ದಿರಬಹುದು. ಮೊದಲು ಬಂದದ್ದು ಮೊದಲು ತಿನ್ನುತ್ತದೆ, ಆಮೇಲೆ ಉಳಿದವನ್ನು ಅಟ್ಟಿ ಇನ್ನಷ್ಟು ತಿನ್ನುತ್ತದೆ. ಆ ಗಾತ್ರ ವಂಶದಿಂದ ಬಂತೋ ಅದೃಷ್ಟದಿಂದ ಬಂತೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಇವೆರಡನ್ನೂ ಬೇರ್ಪಡಿಸಲು ಡಿಎನ್‌ಎ ಪರೀಕ್ಷೆ ನೆರವಾಗುತ್ತದೆ, ನಿಜ. ಆದರೆ ಪರೀಕ್ಷೆ ಹೇಳುವುದು ಯಾವ ಮರಿ ಯಾರದ್ದು ಎಂಬುದನ್ನಷ್ಟೇ. ಯಾವ ಮರಿ ಒಳ್ಳೆಯದು ಎಂದು ತಿಳಿಯಲು ತಕ್ಕಡಿ ಬೇಕು, ದಾಖಲೆ ಪುಸ್ತಕ ಬೇಕು. ಅವೆರಡೂ ಇಲ್ಲದವರು ಪ್ರಯೋಗಾಲಯಕ್ಕೆ ದುಡ್ಡು ಸುರಿಯುವುದು ದಂಡ.

ಗುರಿ ಮತ್ತು ಮೂಲ ಮೀನು

ಬೆಳವಣಿಗೆಯ ವೇಗ, ಒಂದು ನಿರ್ದಿಷ್ಟ ರೋಗಕ್ಕೆ ತಡೆ, ತಡವಾಗಿ ಪ್ರೌಢಾವಸ್ಥೆಗೆ ಬರುವುದು – ಹೀಗೆ ಒಂದೆರಡು ಗುಣಗಳನ್ನಷ್ಟೇ ಆರಿಸಿಕೊಳ್ಳಿ. ಹತ್ತು ಗುಣಕ್ಕೆ ಒಟ್ಟಿಗೆ ಕೈ ಹಾಕಿದರೆ ಒಂದರಲ್ಲೂ ಮುಂದೆ ಹೋಗುವುದಿಲ್ಲ.

ತಾಯಿ-ತಂದೆ ಮೀನುಗಳನ್ನು ಒಂದೇ ಕೊಳದಿಂದ ತರಬೇಡಿ. ಹೆಸರು ಮಾಡಿದ ತಳಿಗಳೆಲ್ಲ ಹಲವು ಮೂಲಗಳ ಮಿಶ್ರಣದಿಂದಲೇ ಶುರುವಾದವು. ನಾರ್ವೆಯವರು 1970ರ ದಶಕದ ಆರಂಭದಲ್ಲಿ ಸಾಲ್ಮನ್ ಮೀನನ್ನು ಸುಮಾರು 40 ನದಿಗಳಿಂದ ಸಂಗ್ರಹಿಸಿದರು. ಫಿಲಿಪೀನ್ಸ್‌ನಲ್ಲಿ 1988ರಲ್ಲಿ ಶುರುವಾದ ‘ಗಿಫ್ಟ್’ ತಿಲಾಪಿಯಾಕ್ಕೆ ಈಜಿಪ್ಟ್, ಘಾನಾ, ಕೆನ್ಯಾ, ಸೆನೆಗಲ್‌ಗಳ ಕಾಡುಮೀನಿನ ಜೊತೆಗೆ ಆಗಲೇ ಸಾಕಣೆಯಲ್ಲಿದ್ದ ನಾಲ್ಕು ತಳಿಗಳನ್ನೂ ಬೆರೆಸಿದರು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ‘ಜಯಂತಿ’ ರೋಹುವಿನಲ್ಲಿ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳ ಮೀನು ಸೇರಿದೆ. ಅದು ಹೊರಬಂದದ್ದು 1997ರಲ್ಲಿ. ಮೂರೂ ಕಡೆ ಆರಂಭದಲ್ಲಿ ನಡೆದದ್ದು ಅಳತೆ ಮತ್ತು ಲೆಕ್ಕ. ಡಿಎನ್‌ಎಯ ಸಾವಿರಾರು ಜಾಗಗಳನ್ನು ಒಂದೇ ಸಲ ಓದುವ ಚಿಪ್‌ಗಳು ಆಗ ಇರಲೇ ಇಲ್ಲ.

ಜೋಡಿ ಮಾಡುವಾಗಿನ ಲೆಕ್ಕ

ಮೀನಿನ ವರವೂ ಶಾಪವೂ ಒಂದೇ: ರೋಹುವಿನಂಥ ಮೀನಿನಲ್ಲಿ ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡಬಲ್ಲದು. ಹಾಗಾಗಿ ನಾಲ್ಕೇ ಮೀನಿನಿಂದ ಇಡೀ ಮರಿಕೇಂದ್ರ ತುಂಬಿಸುವ ಆಸೆ ಹುಟ್ಟುತ್ತದೆ. 50 ಹೆಣ್ಣಿಗೆ 2 ಗಂಡು ಬಿಟ್ಟಿದ್ದೀರಿ ಎನ್ನಿ. ಗಂಡು-ಹೆಣ್ಣಿನ ಸಂಖ್ಯೆಗಳನ್ನು ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಮೀನಿನ ಸಂಖ್ಯೆಯಿಂದ ಭಾಗಿಸಿ. ಬರುವುದು 7.7. ಅಂದರೆ 52 ಮೀನು ಇದ್ದರೂ ತಳಿಯ ದೃಷ್ಟಿಯಲ್ಲಿ ಎಂಟೂ ಇಲ್ಲ. ಒಳಸಂತಾನದ (ಹತ್ತಿರದ ರಕ್ತಸಂಬಂಧಿಗಳು ಕೂಡಿ ಮರಿ ಹುಟ್ಟುವುದರ) ಪ್ರಮಾಣ ಒಂದೇ ಪೀಳಿಗೆಯಲ್ಲಿ ಶೇ 6.5ರಷ್ಟು ಏರುತ್ತದೆ. ಅದೇ 25 ಗಂಡು, 25 ಹೆಣ್ಣು ಇದ್ದರೆ ಏರಿಕೆ ಶೇ 1 ಮಾತ್ರ. ಒಳಸಂತಾನ ಹೆಚ್ಚಿದಂತೆ ಮರಿಗಳು ಸಾಯುತ್ತವೆ, ಬೆಳವಣಿಗೆ ಕುಂಠಿತವಾಗುತ್ತದೆ, ಅಂಗವಿಕಲ ಮರಿಗಳು ಕಾಣಿಸಿಕೊಳ್ಳುತ್ತವೆ. ನಾಲ್ಕಾರು ಪೀಳಿಗೆ ಕಳೆದ ಮೇಲೆ ಗೊತ್ತಾದರೆ ಹಿಂದಿರುಗುವ ದಾರಿ ಇರುವುದಿಲ್ಲ.

ಒಂದೊಂದು ಗಂಡನ್ನು ಎರಡೆರಡು ಹೆಣ್ಣಿನೊಂದಿಗೆ ಕೂಡಿಸುವುದು ಚಾಲ್ತಿಯಲ್ಲಿರುವ ಕ್ರಮ. ಆಗ ಒಡಹುಟ್ಟಿದವೂ ಸಿಗುತ್ತವೆ, ಅಪ್ಪ ಒಂದೇ ಆಗಿ ತಾಯಿ ಬೇರೆಯಾದ ಮರಿಗಳೂ ಸಿಗುತ್ತವೆ. ಮೀನು-ಮೀನಿನ ನಡುವಿನ ವ್ಯತ್ಯಾಸದಲ್ಲಿ ವಂಶದ ಪಾಲೆಷ್ಟು ಎಂದು ಅಳೆಯಲು ಎರಡೂ ಬೇಕು. ಪ್ರತಿ ಕುಟುಂಬದಿಂದಲೂ ಹೆಚ್ಚು ಕಡಿಮೆ ಒಂದೇ ಸಂಖ್ಯೆಯ ಮರಿ ಉಳಿಸಿಕೊಳ್ಳಿ.

ರೆಕ್ಕೆಯ ತುಣುಕು

ಹಳೆಯ ಪದ್ಧತಿಯಲ್ಲಿ ಪ್ರತಿ ಕುಟುಂಬವನ್ನೂ ಬೇರೆ ಹಾಪಾದಲ್ಲಿ (ಕೊಳದೊಳಗೆ ಕಟ್ಟುವ ಬಲೆಯ ತೊಟ್ಟಿ) ಸಾಕಿ, ಮರಿ ಹತ್ತು-ಹದಿನೈದು ಗ್ರಾಂ ದಾಟಿದ ಮೇಲೆ 12 ಮಿ.ಮೀ. ಉದ್ದದ, ಒಂದೊಂದಕ್ಕೂ ಬೇರೆ ಸಂಖ್ಯೆಯಿರುವ ಗಾಜಿನ ಪಿಟ್ ಟ್ಯಾಗನ್ನು ಸೂಜಿಯಿಂದ ದೇಹಕ್ಕೆ ಸೇರಿಸಿ ಎಲ್ಲವನ್ನೂ ಒಂದೇ ಕೊಳಕ್ಕೆ ಬಿಡುತ್ತಿದ್ದರು. ಇದರಲ್ಲೊಂದು ಹುಳುಕಿದೆ. ಮೂರನೇ ಹಾಪಾದ ಮರಿಗಳು ಚೆನ್ನಾಗಿ ಬೆಳೆದದ್ದು ಅವುಗಳ ತಾಯಿ-ತಂದೆಯಿಂದಲೋ, ಆ ಹಾಪಾಕ್ಕೆ ಬಿದ್ದ ನೀರು-ಮೇವಿನಿಂದಲೋ ಬಿಡಿಸಿ ನೋಡಲಾಗದು. ಡಿಎನ್‌ಎ ಗುರುತು ಬಂದ ಮೇಲೆ ಎಲ್ಲ ಕುಟುಂಬಗಳನ್ನೂ ಮೊಟ್ಟೆಯ ಹಂತದಲ್ಲೇ ಬೆರೆಸಿ ಒಂದೇ ನೀರಿನಲ್ಲಿ ಬೆಳೆಸಬಹುದು, ಯಾರ ಮರಿ ಯಾವುದು ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು. ನನ್ನ ಮಟ್ಟಿಗೆ ಈ ಇಡೀ ತಂತ್ರಜ್ಞಾನದಲ್ಲಿ ರೈತನಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಇದೇ.

ಮೀನನ್ನು ಲವಂಗದೆಣ್ಣೆ ಬೆರೆಸಿದ ನೀರಲ್ಲಿ ಸ್ವಲ್ಪ ಮಂಕಾಗಿಸಿ. ಬಾಲದ ರೆಕ್ಕೆಯ ತುದಿಯಿಂದ ಕಿರುಬೆರಳ ಉಗುರಿನ ಅರ್ಧದಷ್ಟು ಚೂರು ಸಾಕು; ಅದು ಮತ್ತೆ ಬೆಳೆಯುತ್ತದೆ. ಪ್ರತಿ ಮೀನಿಗೂ ಮುನ್ನ ಕತ್ತರಿ, ಚಿಮುಟಗಳನ್ನು ತೊಳೆದು, ಸ್ಪಿರಿಟ್‌ನಲ್ಲಿ ಅದ್ದಿ ಒರೆಸಲೇಬೇಕು. ಹಿಂದಿನ ಮೀನಿನ ಲೋಳೆ ಅಂಟಿಕೊಂಡರೆ ಇಬ್ಬರ ಡಿಎನ್‌ಎ ಬೆರೆತು ಫಲಿತಾಂಶವೇ ಹಾಳು. ಚೂರನ್ನು ಶೇ 95ರ ಎಥನಾಲ್ ಇರುವ ಶೀಶೆಗೆ ಹಾಕಿ. ಚೂರು ಶೀಶೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಜಾಗ ಹಿಡಿಯಬಾರದು; ಹಿಡಿದರೆ ಅದರೊಳಗಿನ ನೀರು ಸೇರಿ ಎಥನಾಲ್ ತೆಳುವಾಗುತ್ತದೆ. ಸಂಖ್ಯೆಯನ್ನು ಪೆನ್ನಿನಲ್ಲಿ ಬರೆಯಬೇಡಿ. ಒಂದು ತೊಟ್ಟು ಎಥನಾಲ್ ಸೋರಿದರೂ ಶಾಯಿ ಅಳಿಸುತ್ತದೆ. ದಪ್ಪ ಕಾಗದದ ಚೀಟಿಗೆ ಸೀಸದ ಕಡ್ಡಿಯಿಂದ ಬರೆದು ಶೀಶೆಯೊಳಗೇ ಹಾಕಿ. ಅದೇ ಹೊತ್ತಿಗೆ ಮೀನಿಗೆ ಪಿಟ್ ಟ್ಯಾಗ್ ಹಾಕಿ, ಟ್ಯಾಗಿನ ಸಂಖ್ಯೆ, ಶೀಶೆಯ ಸಂಖ್ಯೆ, ತೂಕ ಮೂರನ್ನೂ ಒಂದೇ ಸಾಲಿನಲ್ಲಿ ದಾಖಲಿಸಿ. ತಾಯಿ-ತಂದೆ ಮೀನುಗಳ ಚೂರನ್ನು ಮರೆತರೆ ಮರಿಗಳದ್ದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ.

ಪ್ರಯೋಗಾಲಯದಲ್ಲಿ ನೋಡುವುದು ಡಿಎನ್‌ಎಯಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರುವ ಜಾಗಗಳನ್ನು. ಇವುಗಳಿಗೆ ಸ್ನಿಪ್ ಎನ್ನುತ್ತಾರೆ. ವಂಶ ಪತ್ತೆಗೆ ಒಳ್ಳೆಯ ನೂರಿನ್ನೂರು ಸ್ನಿಪ್ ಸಾಕು. ಸಾವಿರಗಟ್ಟಲೆ ಸ್ನಿಪ್ ನೋಡುವ ದುಬಾರಿ ಚಿಪ್ ಅನ್ನು ಈ ಹಂತದಲ್ಲಿ ಯಾರಾದರೂ ಮಾರಲು ಬಂದರೆ ಏಕೆ ಎಂದು ಕೇಳಿ.

ಅಳತೆ, ಆಮೇಲೆ ಆಯ್ಕೆ

ಎಲ್ಲ ಮೀನನ್ನೂ ಒಂದೇ ವಯಸ್ಸಿನಲ್ಲಿ ತೂಗಿ. ಲಿಂಗವನ್ನೂ ಬರೆದುಕೊಳ್ಳಿ, ತಿಲಾಪಿಯಾದಲ್ಲಿ ಗಂಡು ಹೆಣ್ಣಿಗಿಂತ ಬೇಗ ಬೆಳೆಯುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬರೀ ಗಂಡುಗಳೇ ಆಯ್ಕೆಯಾಗುತ್ತವೆ.

ಸರಾಸರಿ ತೂಕ 800 ಗ್ರಾಂ ಇದೆ, ನೀವು ಆರಿಸಿದ ತಾಯಿ-ತಂದೆಗಳ ಸರಾಸರಿ 1,000 ಗ್ರಾಂ ಇದೆ ಎಂದುಕೊಳ್ಳೋಣ. ವ್ಯತ್ಯಾಸದ 200 ಗ್ರಾಂ ಪೂರ್ತಿ ಮಕ್ಕಳಿಗೆ ಇಳಿಯುವುದಿಲ್ಲ. ವಂಶದ ಪಾಲು ಶೇ 30 ಇದ್ದರೆ ಇಳಿಯುವುದು 60 ಗ್ರಾಂ. ಮುಂದಿನ ಪೀಳಿಗೆಯ ಸರಾಸರಿ 860 ಗ್ರಾಂ. ಕಡಿಮೆ ಅನಿಸಬಹುದು, ಆದರೆ ಪೀಳಿಗೆಯಿಂದ ಪೀಳಿಗೆಗೆ ಕೂಡುತ್ತಾ ಹೋಗುತ್ತದೆ. ಮೀನಿನ ಸ್ವಂತ ತೂಕಕ್ಕೆ ಅದರ ಅಣ್ಣತಮ್ಮ, ಅಕ್ಕತಂಗಿಯರ ತೂಕವನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ತೆಗೆಯುವ ಅಂದಾಜಿಗೆ ತಳಿಮೌಲ್ಯ ಎನ್ನುತ್ತಾರೆ. ಆಯ್ಕೆ ನಡೆಯಬೇಕಾದದ್ದು ಇದರ ಮೇಲೆ.

ದೊಡ್ಡ ಚಿಪ್ ಬೇಕಾಗುವುದು ಯಾವಾಗ?

ರೋಗನಿರೋಧಕ ಶಕ್ತಿ, ಮಾಂಸದ ಪ್ರಮಾಣ ಇಂಥವನ್ನು ಮೀನನ್ನು ಜೀವಂತ ಉಳಿಸಿಕೊಂಡು ಅಳೆಯಲಾಗದು. ರೋಗಾಣುವಿಗೆ ಒಡ್ಡಿದ ಮೀನು ಬದುಕಿದರೂ ಅದನ್ನು ತಳಿಗೆ ಬಳಸುವಂತಿಲ್ಲ. ಹಾಗಾಗಿ ಒಡಹುಟ್ಟಿದವನ್ನು ಪರೀಕ್ಷೆಗೆ ಒಡ್ಡುತ್ತಾರೆ. ಆದರೆ ಒಂದೇ ತಾಯಿ-ತಂದೆಯ ನೂರು ಮರಿಗಳಲ್ಲಿ ಯಾವುದು ಮೇಲು ಎಂದು ಇದರಿಂದ ತಿಳಿಯದು, ನೂರಕ್ಕೂ ಒಂದೇ ಅಂಕ ಬೀಳುತ್ತದೆ. 2001ರಲ್ಲಿ ಮ್ಯೂವಿಸನ್, ಹೇಯ್ಸ್, ಗೊಡ್ಡಾರ್ಡ್ ಎಂಬ ವಿಜ್ಞಾನಿಗಳು ಮಂಡಿಸಿದ ಜೀನೋಮಿಕ್ ಆಯ್ಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಪರೀಕ್ಷೆಗೊಳಗಾದ ಮೀನುಗಳ ಸಾವಿರಾರು ಸ್ನಿಪ್‌ಗಳನ್ನು ಓದಿ, ಡಿಎನ್‌ಎಯ ಯಾವ ತುಣುಕು ಬದುಕಿದವುಗಳಲ್ಲಿ ಹೆಚ್ಚು ಎಂದು ಕಲಿತು, ಅದೇ ಲೆಕ್ಕವನ್ನು ಜೀವಂತ ಒಡಹುಟ್ಟುಗಳಿಗೆ ಹಚ್ಚುತ್ತಾರೆ. ಸಂಬಂಧ ದೂರವಾದಷ್ಟೂ ಅಂದಾಜು ಸಡಿಲವಾಗುತ್ತದೆ. ಹಾಗಾಗಿ ಕಲಿಕೆಯ ದತ್ತಾಂಶವನ್ನು ಆಗಾಗ ಹೊಸದಾಗಿಸಲೇಬೇಕು. ಬೇರೊಂದು ತಳಿಯಲ್ಲಿ ಕಲಿತ ಲೆಕ್ಕ ನಿಮ್ಮ ಮೀನಿಗೆ ಹೊಂದುವುದೂ ಅಪರೂಪ.

ಅಪರೂಪಕ್ಕೆ ಒಂದೇ ಜಾಗ ಬಹುಪಾಲು ಕೆಲಸ ಮಾಡಿಬಿಡುತ್ತದೆ. ಸಾಲ್ಮನ್‌ನ ಐಪಿಎನ್ ಎಂಬ ವೈರಸ್ ರೋಗದಲ್ಲಿ ಹಾಗಾಯಿತು: 26ನೇ ವರ್ಣತಂತುವಿನ ಒಂದು ಪ್ರದೇಶ ಪತ್ತೆಯಾದ ಮೇಲೆ ಅದನ್ನು ಹೊತ್ತ ಮೀನುಗಳನ್ನೇ ಆರಿಸಿ ರೋಗದ ಹಾವಳಿಯನ್ನು ಬಹಳಷ್ಟು ತಗ್ಗಿಸಿದರು. ಎಲ್ಲ ರೋಗಕ್ಕೂ ಹೀಗೊಂದು ಕೀಲಿಕೈ ಸಿಗುತ್ತದೆಂದು ಕಾಯಬಾರದು. ಬೆಳವಣಿಗೆಯಂಥ ಗುಣದ ಹಿಂದೆ ನೂರಾರು ಜೀನ್‌ಗಳಿರುತ್ತವೆ. ಜೀನ್ ತಿದ್ದುಪಡಿಯ ಮೀನೂ ಬಂದಿದೆ, ಜಪಾನಿನಲ್ಲಿ 2021ರಿಂದ ಕೆಂಪು ಸೀಬ್ರೀಮ್ ಮಾರಾಟದಲ್ಲಿದೆ. ಅದರ ದಾರಿಯೇ ಬೇರೆ, ಕಾನೂನೂ ಬೇರೆ.

ಮರಿ ಹಂಚುವ ಮುನ್ನ

ಪ್ರತಿ ಪೀಳಿಗೆಯಲ್ಲೂ ಆಯ್ಕೆಯಿಲ್ಲದೆ ಸಾಕಿದ ಒಂದು ಗುಂಪನ್ನು ಅದೇ ಕೊಳದಲ್ಲಿ ಉಳಿಸಿಕೊಳ್ಳಿ. ಆ ವರ್ಷ ಮೇವು ಚೆನ್ನಾಗಿದ್ದು ಎಲ್ಲ ಮೀನೂ ದಪ್ಪಗಾಗಿದ್ದರೆ ಸುಧಾರಣೆ ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಈ ಗುಂಪಿನ ಜೊತೆ ಹೋಲಿಸಿದಾಗ ಮಾತ್ರ. ಮರಿಕೇಂದ್ರಗಳಿಗೆ ಕೊಟ್ಟ ತಾಯಿಮೀನಿನ ಮಕ್ಕಳನ್ನೇ ಅವರು ಮತ್ತೆ ಮತ್ತೆ ತಾಯಿಯಾಗಿಸಿದರೆ ನಾಲ್ಕೈದು ವರ್ಷದಲ್ಲಿ ಹೆಸರಷ್ಟೇ ಉಳಿಯುತ್ತದೆ. ಆದ್ದರಿಂದ ಒಂದೆರಡು ಪೀಳಿಗೆಗೊಮ್ಮೆ ಮೂಲ ಕೇಂದ್ರದಿಂದ ಹೊಸ ತಾಯಿ-ತಂದೆ ಮೀನು ಒಯ್ಯಬೇಕೆಂಬ ಷರತ್ತನ್ನು ಮೊದಲ ದಿನವೇ ಬರೆಸಿಕೊಳ್ಳಿ. ಆಗೊಮ್ಮೆ ಈಗೊಮ್ಮೆ ಅವರ ಕೊಳದಿಂದ ಐವತ್ತು ರೆಕ್ಕೆ ಚೂರು ತರಿಸಿ ನೋಡಿದರೆ ಷರತ್ತು ಪಾಲನೆಯಾಗಿದೆಯೇ ಎಂಬುದೂ ಗೊತ್ತಾಗುತ್ತದೆ.