ಚಾರ್ಮಾಡಿ ಘಾಟಿಯ ಪಾಠ, ಆಲ್ಪ್ಸ್ ಹಿಮದ ರಸ್ತೆ: ನನ್ನ ಅನುಭವ

ಜರ್ಮನಿಯ ಮ್ಯೂನಿಕ್‌ನಲ್ಲಿ ಓದುತ್ತಿದ್ದಾಗ ನನಗೆ "ಬೇಡ" ಅಂದವರು ಒಬ್ಬಿಬ್ಬರಲ್ಲ. ಹಾಸ್ಟೆಲಿನ ಸೀನಿಯರ್‌ಗಳು ಬೇಡ ಅಂದರು. ಪಕ್ಕದ ರೂಮಿನ ಸ್ಪೇನ್ ಹುಡುಗ ಬೇಡ ಅಂದ. ಅಮ್ಮ ಅಂತೂ ದಿನಾ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದರು. ಹಿಮವನ್ನೇ ಕಾಣದ ಕೊಟ್ಟಿಗೆಹಾರದ ಹುಡುಗ ಜನವರಿಯಲ್ಲಿ ಆಲ್ಪ್ಸ್ ದಾಟಿ ಕಾರು ಓಡಿಸ್ತೀನಿ ಅಂದರೆ ಯಾರು ನಂಬುತ್ತಾರೆ? 2024ರ ಜನವರಿಯಲ್ಲಿ ನಾವು ನಾಲ್ಕು ಜನ ಇಟಲಿಯ ಡಾಲಮೈಟ್ಸ್ ಬೆಟ್ಟಗಳಿಗೆ ಹೋಗಿ ಬಂದೆವು. ನಾಲ್ಕು ದಿನ, ಹೆಚ್ಚುಕಮ್ಮಿ 620 ಕಿಲೋಮೀಟರ್. ಕಾರಿಗೆ ಒಂದು ಗೀರೂ ಬೀಳಲಿಲ್ಲ. ತಲೆಗೆ 190 ಯೂರೋ ಆಯ್ತು. ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಹೊರಟಿರೋ ಹುಡುಗರು ಹೇಗೆ ಮಾಡಿದ್ರಿ ಅಂತ ಕೇಳ್ತಾನೇ ಇದ್ದಾರೆ. ಅದಕ್ಕೆ ಬರೆಯುತ್ತಿದ್ದೇನೆ.

ವೀಸಾ, ಬ್ಲಾಕ್ಡ್ ಅಕೌಂಟ್, ಇನ್ಶೂರೆನ್ಸ್ ನಿಮಗೆ ಗೊತ್ತಿರೋದೇ, ಬಿಡಿ. ದುಡ್ಡಿನ ಲೆಕ್ಕ ಮಾತ್ರ ಹೇಳ್ತೀನಿ. ಬ್ಲಾಕ್ಡ್ ಅಕೌಂಟ್ ಅಂದರೆ ಖರ್ಚಿನ ದುಡ್ಡು ಮೊದಲೇ ಇಟ್ಟು, ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯೋ ಖಾತೆ. ಆಗ ಅದರಿಂದ ತಿಂಗಳಿಗೆ 934 ಯೂರೋ ಬಿಡುತ್ತಿದ್ದರು. ರೂಮಿಗೆ 370, ಆರೋಗ್ಯ ವಿಮೆಗೆ 125ರ ಆಸುಪಾಸು, ಓಡಾಟದ ಪಾಸಿಗೆ 29. ಮನೆಯಲ್ಲೇ ಅಡುಗೆ ಮಾಡಿಕೊಂಡರೆ ತಿಂಗಳಿಗೆ 60-70 ಯೂರೋ ಉಳಿಯುತ್ತಿತ್ತು. ಅಕ್ಟೋಬರ್‌ನಿಂದಲೇ ಅದನ್ನು ಎತ್ತಿಟ್ಟೆ.

ಊರಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸ ಒಂದಿದೆ. ಆರ್‌ಟಿಓದಲ್ಲಿ 1000 ರೂಪಾಯಿ ಕಟ್ಟಿ ಐಡಿಪಿ (ಬೇರೆ ದೇಶದಲ್ಲಿ ಗಾಡಿ ಓಡಿಸೋ ಪರ್ಮಿಟ್) ಮಾಡಿಸಿಕೊಂಡೇ ವಿಮಾನ ಹತ್ತಿ. ಅಲ್ಲಿಗೆ ಹೋದ ಮೇಲೆ ನಮ್ಮ ಲೈಸನ್ಸ್‌ನ ಜರ್ಮನ್ ಅನುವಾದವನ್ನೂ ಮಾಡಿಸಿದೆ, 50 ಯೂರೋ ಹತ್ತಿರ ಆಯ್ತು. ಜರ್ಮನಿಯಲ್ಲಿ ವಾಸ ಶುರುವಾದ ದಿನದಿಂದ ನಮ್ಮ ಲೈಸನ್ಸ್ ನಡೆಯೋದು ಆರು ತಿಂಗಳು. ಅಕ್ಟೋಬರ್‌ಗೆ ಹೋದವರಿಗೆ ಜನವರಿ ಆರಾಮಾಗಿ ಸಿಗುತ್ತದೆ.

ನನ್ನ ಧೈರ್ಯಕ್ಕೆ ಕಾರಣ ಅಪ್ಪ. ಅವರು ಚಾರ್ಮಾಡಿ ಘಾಟಿಯಲ್ಲಿ ಪಿಕಪ್ ಓಡಿಸುತ್ತಾರೆ. ಮಳೆಗಾಲದ ಮಂಜಿನಲ್ಲಿ, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣದ ರಸ್ತೆಯಲ್ಲಿ ನಾನು ಅವರ ಪಕ್ಕ ಕೂತು ಕಲಿತವನು. ಅವರದು ಎರಡೇ ಮಾತು. "ಹತ್ತೋ ಗೇರಲ್ಲೇ ಇಳಿ ಮಾರಾಯ, ಬ್ರೇಕು ನಿಲ್ಲೋದಕ್ಕೆ ಮಾತ್ರ." ಇನ್ನೊಂದು, "ಕೆಸರಲ್ಲಿ ಸೆಕೆಂಡ್ ಗೇರಲ್ಲೇ ಎತ್ತು." ಈ ಎರಡು ಮಾತು ಹಿಮದಲ್ಲೂ ನಡೆಯುತ್ತವೆ ಅನ್ನೋದು ನನ್ನ ಲೆಕ್ಕ. ಆದರೆ ಲೆಕ್ಕ ಬೇರೆ, ಮಾಡಿ ನೋಡೋದು ಬೇರೆ.

ನೋಡೋಕೆ ಅವಕಾಶ ತಾನಾಗೇ ಬಂತು. 2023ರ ಡಿಸೆಂಬರ್ 2ರ ಶನಿವಾರ ಮ್ಯೂನಿಕ್‌ನಲ್ಲಿ ಹಿಮ ಬಿದ್ದಿದ್ದು ಎಂಥದ್ದು ಅಂದರೆ ವಿಮಾನ ನಿಲ್ದಾಣವನ್ನೇ ಮುಚ್ಚಿದರು, ರೈಲು ನಿಂತವು. ಅಲ್ಲೇ ಕೆಲಸದಲ್ಲಿರೋ ಹಾಸನದ ಅಣ್ಣ ಒಬ್ಬರು ಮುಂದಿನ ಭಾನುವಾರ ತಮ್ಮ ಹಳೇ ಕಾರು ಕೊಟ್ಟರು, ಪಕ್ಕದಲ್ಲೂ ಕೂತರು. ಊರಾಚೆ ಆಟದ ಮೈದಾನದ ಪಾರ್ಕಿಂಗ್, ನರಪಿಳ್ಳೆ ಇಲ್ಲ. ಗಂಟೆಗೆ 30ರಲ್ಲಿ ಹೋಗಿ ಬ್ರೇಕ್ ಒತ್ತಿದೆ. ಪೆಡಲ್ ಕಾಲಿನಡಿ ಗಡಗಡ ನಡುಗಿತು, ಕಾರು ಹೋಗ್ತಾನೇ ಇತ್ತು. ಇಳಿದು ಹೆಜ್ಜೆಯಲ್ಲಿ ಅಳೆದೆವು. ಹಿಮ ತೆಗೆದ ಒಣ ಜಾಗದಲ್ಲಿ ಆರು ಹೆಜ್ಜೆಗೆ ನಿಂತ ಕಾರು ಇಲ್ಲಿ ಇಪ್ಪತ್ತು ದಾಟಿತ್ತು. ಮೂರು ಗಂಟೆ ಇದೇ ಕೆಲಸ.

ಅಪ್ಪನ ಮಾತಿಗೆ ಒಂದು ತಿದ್ದುಪಡಿ ಬೇಕಾಗಿದ್ದು ಅಲ್ಲೇ ಗೊತ್ತಾಯ್ತು. ಚಾರ್ಮಾಡಿಯಲ್ಲಿ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಪಟ್ಟಂತ ಬಿಟ್ಟರೆ ಎಂಜಿನ್ ಹಿಡಿಯುತ್ತದೆ, ಗಾಡಿ ನಿಧಾನ ಆಗುತ್ತದೆ. ಹಿಮದಲ್ಲಿ ಹಾಗೆ ಬಿಟ್ಟರೆ ಮುಂದಿನ ಚಕ್ರ ಕಟ್ಟಿಹಾಕಿದ ಹಾಗೆ ಜಾರುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗಲ್ಲ. ಇಳಿಜಾರು ಶುರುವಾಗೋ ಮೊದಲೇ ಸೆಕೆಂಡ್‌ಗೆ ಬರಬೇಕು. ಕ್ಲಚ್ ಬೆಣ್ಣೆ ತೆಗೆದ ಹಾಗೆ ಬಿಡಬೇಕು. ಅಷ್ಟೇ ವ್ಯತ್ಯಾಸ.

ಇನ್ನು ಸೋತ ಕಥೆ. ಮೊದಲು ಹೊರಟಿದ್ದು ಕ್ರಿಸ್ಮಸ್ ರಜೆಗೆ. ಕಾರು ಬುಕ್ ಆಗಿತ್ತು, ದುಡ್ಡು ಕಟ್ಟಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬ್ಯಾಗು ಹೊತ್ತು ಕೌಂಟರಿಗೆ ಹೋದರೆ, ಡೆಪಾಸಿಟ್‌ಗೆ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು, ಡೆಬಿಟ್ ಆಗಲ್ಲ ಅಂದರು. ದಾವಣಗೆರೆ ಗೆಳೆಯನ ಹತ್ತಿರ ಕ್ರೆಡಿಟ್ ಕಾರ್ಡ್ ಇತ್ತು, ಆದರೆ ಅವನು ಡ್ರೈವರ್ ಅಲ್ಲ. ಅರ್ಧ ಗಂಟೆ ಬೇಡಿಕೊಂಡೆವು. ಕಾರೂ ಸಿಗಲಿಲ್ಲ, ಕಟ್ಟಿದ್ದೂ ವಾಪಸ್ ಬರಲಿಲ್ಲ. ಸುಮಾರು 140 ಯೂರೋ, ನಾಲ್ಕು ಜನರ ಉಳಿತಾಯ. ಧಾರವಾಡದ ಗೆಳತಿ ಟ್ರಾಮ್ ಸ್ಟಾಪಿನಲ್ಲಿ ಕೂತು ಮಾತೇ ಆಡಲಿಲ್ಲ. ನಮ್ಮ ಜೊತೆಗಿದ್ದ ನಾಲ್ಕನೆಯವನು ಅವತ್ತೇ ಕೈಬಿಟ್ಟ. ಕೊನೆಗೆ ಅವನ ಜಾಗಕ್ಕೆ ಬಂದವನು, ಬೇಡ ಅಂದಿದ್ದ ಅದೇ ಸ್ಪೇನ್ ಹುಡುಗ!

ಎರಡನೇ ಸಲ ಬುಕ್ ಮಾಡುವಾಗ ನಾಲ್ಕು ಪ್ರಶ್ನೆಗೆ ಬರಹದಲ್ಲೇ ಉತ್ತರ ತರಿಸಿಕೊಂಡೆ. ಯಾವ ಕಾರ್ಡ್, ಆಸ್ಟ್ರಿಯಾ ಮತ್ತು ಇಟಲಿಗೆ ಒಪ್ಪಿಗೆ ಇದೆಯಾ, 25 ದಾಟದವರಿಗೆ ದಿನಕ್ಕೆ ಎಷ್ಟು ಜಾಸ್ತಿ, ಚಳಿಗಾಲದ ಟೈರ್ ಬಾಡಿಗೆಯಲ್ಲಿ ಸೇರಿದೆಯಾ. ಅಪ್ಪ ಊರಿನ ಬ್ಯಾಂಕಿನಲ್ಲಿ ಎಫ್‌ಡಿ ಮೇಲೆ ನನ್ನ ಹೆಸರಿಗೆ ಕ್ರೆಡಿಟ್ ಕಾರ್ಡ್ ಮಾಡಿಸಿ, ಬರುತ್ತಿದ್ದವರ ಕೈಯಲ್ಲಿ ಕಳಿಸಿದರು. ವಯಸ್ಸಿನ ಹೆಚ್ಚುವರಿ ದುಡ್ಡನ್ನು ಅರ್ಧಕ್ಕೆ ಇಳಿಸಿಕೊಂಡ ದಾರಿ ಒಂದಿದೆ. ಅದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಅದನ್ನೇ ಮಾಡಿದರೆ ಅದೂ ಮುಚ್ಚಿಹೋಗುತ್ತದೆ.

ದಿನ ಆರಿಸಿದ್ದರಲ್ಲೂ ಲಾಭ ಆಯ್ತು. ಜನವರಿ 6ಕ್ಕೆ ಹಬ್ಬದ ರಜೆ ಮುಗಿಯುತ್ತದೆ. ಫೆಬ್ರವರಿ ರಜೆಯ ಗದ್ದಲ ಇನ್ನೂ ಶುರುವಾಗಿರಲ್ಲ. ಆ ನಡುವಿನ ವಾರದಲ್ಲಿ ಮಂಗಳವಾರ ಹೊರಟು ಶುಕ್ರವಾರ ಬಂದೆವು. ಸ್ಕೀ ಊರುಗಳಲ್ಲಿ ಉಳಿಯಲಿಲ್ಲ. ಕೆಳಗೆ ಕಣಿವೆಯಲ್ಲಿರೋ ಕ್ಲೌಸನ್‌ನಲ್ಲಿ ಅಡುಗೆಮನೆ ಇರೋ ಅಪಾರ್ಟ್‌ಮೆಂಟ್, ರಾತ್ರಿಗೆ 95 ಯೂರೋ. ಮೇಲಿನ ಊರುಗಳಲ್ಲಿ ಅದರ ದುಪ್ಪಟ್ಟು ಕೇಳಿದ್ದರು.

ಹಿಮದಲ್ಲಿ ಜಾರದ ಹಾಗೆ ಟೈರಿಗೆ ಸುತ್ತೋ ಚೈನ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಇಲ್ಲಿ ಎಲ್ಲರೂ ಎಡವುತ್ತಾರೆ. ಡಿಸೆಂಬರ್‌ನಲ್ಲೇ 25 ಯೂರೋಗೆ ಸೆಕೆಂಡ್ ಹ್ಯಾಂಡ್ ಚೈನ್ ಕೊಂಡಿದ್ದೆ, 15 ಇಂಚಿನ ಟೈರಿಗೆ. ಬಾಡಿಗೆ ಕಾರು ಕೈಗೆ ಬಂದಾಗ ನೋಡಿದರೆ 17 ಇಂಚು! ಬುಕ್ ಮಾಡುವಾಗ ಅವರು ಕಾರಿನ ವರ್ಗ ಹೇಳ್ತಾರೆ, ಟೈರಿನ ಅಳತೆ ಹೇಳಲ್ಲ. ಆ 25 ಯೂರೋ ಹೋಯ್ತು. ಪುಣ್ಯಕ್ಕೆ ಕಾರನ್ನು ಹಿಂದಿನ ಸಂಜೆಯೇ ತಗೊಂಡಿದ್ದೆವು. ಟೈರಿನ ಪಕ್ಕದ ಅಂಕಿಗಳ ಫೋಟೋ ಹಿಡಿದು ಓಡಿ, ವಾಹನ ಕ್ಲಬ್ಬಿನಲ್ಲಿ ಸರಿಯಾದ ಚೈನ್ ಬಾಡಿಗೆಗೆ ತಂದೆ. 20 ಯೂರೋ ಚಿಲ್ಲರೆ ಇರಬೇಕು.

ಹಳೇ ಚೈನ್ ಪೂರ್ತಿ ದಂಡ ಆಗಲಿಲ್ಲ. ಅಷ್ಟರಲ್ಲಿ ಹಾಸನದ ಅಣ್ಣನ ಕಾರಿಗೆ ಅದನ್ನೇ ಹಾಕಿ ತೆಗೆದು ಕೈ ಪಳಗಿತ್ತು. ಮೊದಲ ದಿನ ಎರಡು ಚಕ್ರಕ್ಕೆ 40 ನಿಮಿಷ, ಬೆರಳು ಮರಗಟ್ಟಿತು. ಹತ್ತನೇ ಸಲಕ್ಕೆ ಕಾಲು ಗಂಟೆ. ಕೊನೆಗೆ ಕತ್ತಲಲ್ಲಿ, ತಲೆಗೆ ಟಾರ್ಚ್ ಕಟ್ಟಿಕೊಂಡು 9 ನಿಮಿಷ. ನಮ್ಮ ಹಾಸ್ಟೆಲಿನಲ್ಲಿ ಇಷ್ಟು ಬೇಗ ಹಾಕಿದವರು ಬೇರೆ ಯಾರೂ ಇರಲಿಲ್ಲ. ಉಣ್ಣೆ ಗ್ಲೌಸ್ ಮೇಲೆ ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕಿ, ಕೈ ಒದ್ದೆ ಆಗಲ್ಲ. ಮಂಡಿ ಕೆಳಗೆ ಹಳೇ ಯೋಗ ಮ್ಯಾಟ್. ಒಳಗಿನ ಕೊಂಡಿಯನ್ನು ಕಣ್ಣಿಗೆ ಕಾಣದೆ ಹಿಡಿಯೋ ಉಪಾಯ ಬರೆದರೆ ಅರ್ಥ ಆಗಲ್ಲ, ಸಿಕ್ಕಾಗ ತೋರಿಸ್ತೀನಿ.

ಟೈರನ್ನೂ ನೀವೇ ನೋಡಿ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರಬೇಕು. ಆಸ್ಟ್ರಿಯಾದಲ್ಲಿ ಟೈರಿನ ಮೇಲಿನ ತೋಡಿನ ಆಳ 4 ಮಿಲಿಮೀಟರ್ ಕೇಳುತ್ತಾರೆ. ಎರಡು ಯೂರೋ ನಾಣ್ಯವನ್ನು ಆ ತೋಡಿನೊಳಗೆ ಇಳಿಸಿ. ಸುತ್ತಲಿನ ಬೆಳ್ಳಿ ಬಣ್ಣದ ಅಂಚು ಪೂರ್ತಿ ಮುಳುಗಿದರೆ ಸಾಕು.

ಮಂಗಳವಾರ ಒಂಬತ್ತಕ್ಕೆ ಹೊರಟೆವು. ಗಾರ್ಮಿಶ್, ಮಿಟ್ಟೆನ್‌ವಾಲ್ಡ್, ಸೇಫೆಲ್ಡ್ ದಾರಿ. ಮೊದಲ ಏಟು ಹಿಮದಿಂದ ಬೀಳಲಿಲ್ಲ, ನೀರಿನಿಂದ ಬಿತ್ತು. ಮುಂದಿನ ಲಾರಿಗಳು ರಸ್ತೆಯ ಉಪ್ಪುನೀರನ್ನು ಗಾಜಿಗೆ ಎರಚುತ್ತವೆ. ವಾಷರ್ ಒತ್ತಿದರೆ ಒಂದು ಹನಿ ಇಲ್ಲ. ಟ್ಯಾಂಕ್‌ನಲ್ಲಿ ಅರ್ಧ ಬರೀ ನೀರು ಇತ್ತು, ಹೆಪ್ಪುಗಟ್ಟಿತ್ತು. ಗಾಜು ಸುಣ್ಣ ಬಳಿದ ಗೋಡೆ ಥರ. ತಲೆ ಹೊರಗೆ ಹಾಕಿ 20ರಲ್ಲಿ ಹೋಗಿ ಪೆಟ್ರೋಲ್ ಬಂಕ್ ಸೇರಿದೆ. ಹೆಪ್ಪುಗಟ್ಟದ ವಾಷರ್ ದ್ರವಕ್ಕೆ 9 ಯೂರೋ ಕೊಟ್ಟೆ. ಮ್ಯೂನಿಕ್ ಸೂಪರ್ ಮಾರ್ಕೆಟ್ಟಿನಲ್ಲಿ ಅದೇ ಕ್ಯಾನ್ ಮೂರೋ ನಾಲ್ಕೋ ಯೂರೋ. ಹೊರಡೋ ಮೊದಲು ಇದನ್ನು ನೋಡಿಕೊಳ್ಳದೇ ಇದ್ದದ್ದು ನನ್ನದೇ ತಪ್ಪು.

ಸೇಫೆಲ್ಡ್ ದಾಟಿದ ಮೇಲೆ ಝಿರ್ಲರ್‌ಬರ್ಗ್. ಇನ್ ನದಿಯ ಕಣಿವೆಗೆ ಇಳಿಯೋ ರಸ್ತೆ, ಇಳಿಜಾರು 16 ಪರ್ಸೆಂಟ್‌ವರೆಗೆ ಇದೆ. ಬ್ರೇಕ್ ಕೈಕೊಟ್ಟ ಗಾಡಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕಕ್ಕೆ ಜಲ್ಲಿ ಏರು ಮಾಡಿಟ್ಟಿದ್ದಾರೆ. ಮೇಲಿನ ತಿರುವಿನಲ್ಲೇ ಸೆಕೆಂಡ್‌ಗೆ ಹಾಕಿದೆ. ಎಂಜಿನ್ ಗುಂಯ್ ಅಂತ ಕೂಗಿತು. ಹಿಂದೆ ಕೂತ ಸ್ಪೇನ್ ಹುಡುಗ ಗೇರ್ ಬದಲಿಸು ಅಂತ ಎರಡು ಸಲ ಹೇಳಿದ. ಬದಲಿಸಲಿಲ್ಲ. ಕೆಳಗೆ ಝಿರ್ಲ್‌ನಲ್ಲಿ ಇಳಿದು ಚಕ್ರದ ಹತ್ತಿರ ಮೂಗು ಇಟ್ಟು ನೋಡಿದೆ. ಬ್ರೇಕ್ ಸುಟ್ಟ ವಾಸನೆ ಇರಲಿಲ್ಲ. ನಮ್ಮ ಹಿಂದೆ ಬಂದು ನಿಂತ ವ್ಯಾನಿನಿಂದ ಘಾಟು ಬರುತ್ತಿತ್ತು.

ಅಲ್ಲಿಂದ ಇನ್ಸ್‌ಬ್ರುಕ್, ಆಮೇಲೆ ಇಟಲಿ ಗಡಿಯ ಬ್ರೆನ್ನರ್. ಹೈವೇ ಹಿಡಿದರೆ ಹತ್ತು ದಿನದ ವಿನ್ಯೆಟ್‌ಗೆ (ಹೈವೇ ಬಳಸೋ ಚೀಟಿ) ಆಗ 11.50 ಯೂರೋ, ಬ್ರೆನ್ನರ್ ಟೋಲ್ ಬೇರೆ 11. ನಾವು ಹಳೇ ರಸ್ತೆಯಲ್ಲೇ ಹೋದೆವು. 190 ಮೀಟರ್ ಎತ್ತರದ ಯುರೋಪಾ ಸೇತುವೆಯನ್ನು ಕೆಳಗಿನಿಂದ ತಲೆ ಎತ್ತಿ ನೋಡೋದು ಈ ರಸ್ತೆಯಲ್ಲಿ ಹೋದವರಿಗೆ ಮಾತ್ರ. ಒಂದು ಎಚ್ಚರಿಕೆ: ಸೀಸನ್ನಿನ ಶನಿವಾರ, ಭಾನುವಾರ ಟೋಲ್ ತಪ್ಪಿಸಿ ಹಾದುಹೋಗೋರನ್ನು ಇಲ್ಲಿ ತಡೆಯುತ್ತಾರೆ. ವಾರದ ದಿನ ಹೋಗಿ.

ಈಗ ದೋಸೆ ಹಿಟ್ಟಿನ ವಿಷಯ. ಅಕ್ಟೋಬರ್‌ನಿಂದ ನಾನು ಹಿಟ್ಟು ಹುದುಗಿಸೋಕೆ ಒದ್ದಾಡುತ್ತಿದ್ದೆ. ರೇಡಿಯೇಟರ್ ಮೇಲಿಟ್ಟರೆ ತಳ ಬೆಂದು ಮೇಲೆ ತಣ್ಣಗೆ. ಓವನ್ನಿನ ದೀಪ ಮಾತ್ರ ಹಾಕಿ ಒಳಗಿಟ್ಟರೆ 14 ಗಂಟೆಯಲ್ಲಿ ಚೆನ್ನಾಗಿ ಉಕ್ಕುತ್ತದೆ. ಆ ಹಿಟ್ಟನ್ನು ಎರಡು ಡಬ್ಬದಲ್ಲಿ ಡಿಕ್ಕಿಗೆ ಹಾಕಿದ್ದೆ. ಹೊರಗೆ ಮೈನಸ್ 8, ಡಿಕ್ಕಿಯೇ ಫ್ರಿಜ್. ಮೊದಲ ರಾತ್ರಿ ಮರೆತು ಅಲ್ಲೇ ಬಿಟ್ಟೆ, ಕಲ್ಲಾಯ್ತು. ಕರಗಿಸಿ ಹುಯ್ದರೂ ದೋಸೆ ಬಂತು, ತೂತು ಮಾತ್ರ ಕಮ್ಮಿ. ಮೂರು ಬೆಳಿಗ್ಗೆಯ ತಿಂಡಿ ಅದರಲ್ಲೇ ಮುಗಿಯಿತು. ಹೋಟೆಲಿನಲ್ಲಿ ತಿಂದಿದ್ದರೆ ಏನಿಲ್ಲ ಅಂದರೂ 100 ಯೂರೋ ಹೋಗುತ್ತಿತ್ತು.

ಗುರುವಾರ ದೊಡ್ಡ ದಿನ, 2121 ಮೀಟರ್ ಎತ್ತರದ ಗಾರ್ದೇನಾ ಪಾಸ್, ಅಂದರೆ ಘಾಟಿ. ಕಣಿವೆಯ ಊರಿನ ಬೋರ್ಡುಗಳಲ್ಲಿ ಮೂರು ಹೆಸರು: ಇಟಾಲಿಯನ್, ಜರ್ಮನ್, ಜೊತೆಗೆ ಅಲ್ಲಿಯವರದೇ ಲಾದಿನ್. ಘಟ್ಟ ಇಳಿದರೆ ತುಳು ಕೇಳಿಸೋ ಊರಿನವನಿಗೆ ಅದನ್ನು ನೋಡಿ ಖುಷಿಯಾಯ್ತು. ರಾತ್ರಿ ಹಿಮ ಬಿದ್ದಿತ್ತು. ಹತ್ತು ಗಂಟೆಗೆ ಮುಂಚೆ ಹೊರಡಬಾರದು, ಮೂರರ ನಂತರ ಮೇಲೆ ಇರಬಾರದು ಅಂತ ನಿಯಮ ಮಾಡಿಕೊಂಡಿದ್ದೆವು. ಹಿಮ ತಳ್ಳೋ ಗಾಡಿ ಹೋಗಿ ಬರಲಿ ಅಂತ ಕಾದೆವು. ಸೆಲ್ವಾ ದಾಟಿ ರಸ್ತೆ ಪಕ್ಕದ ಜಾಗಕ್ಕೆ ಚೈನ್ ಹಾಕೋಕೆ ಇಳಿಸಿದೆ. ಅಲ್ಲೇ ಸಿಕ್ಕಿಹಾಕಿಕೊಂಡೆ. ಚಕ್ರ ಸುಮ್ನೆ ಸುತ್ತುತ್ತಿದೆ, ಕಾರು ಕದಲಲ್ಲ. ಚೈನ್ ಹಾಕೋಕೆ ಎರಡು ಅಡಿ ಹಿಂದೆ ಬರಬೇಕು. ಆಕ್ಸಿಲರೇಟರ್ ಒತ್ತಿದಷ್ಟೂ ಹಿಮ ಕರಗಿ ಗಾಜಿನ ಹಾಗೆ ನುಣುಪಾಯ್ತು.

ನಿಂತು ಯೋಚಿಸಿದೆ. ಹಿಂದೆ ಬರೋದು ಬಿಟ್ಟೆ. ಚಕ್ರದ ಮುಂದಿನ ಹಿಮವನ್ನು ಬಾಣಲೆ ಮುಚ್ಚಳದಲ್ಲಿ ಕೆರೆದು, ಕಾಲಡಿಯ ಮ್ಯಾಟ್‌ಗಳನ್ನು ತುರುಕಿದೆವು. ಚಕ್ರ ಸುಮ್ನೆ ಸುತ್ತದ ಹಾಗೆ ತಡೆಯೋ ಟ್ರ್ಯಾಕ್ಷನ್ ಕಂಟ್ರೋಲ್ ಆಫ್. ಸೆಕೆಂಡ್ ಗೇರ್, ಆಕ್ಸಿಲರೇಟರ್ ಮುಟ್ಟಿದ್ದೇ ಮುಟ್ಟಿದ್ದು, ಅರ್ಧ ಕ್ಲಚ್. ಕಾರು ಉಸಿರು ಬಿಟ್ಟ ಹಾಗೆ ಮುಂದೆ ಬಂತು. ಕೊಟ್ಟಿಗೆಹಾರದ ತೋಟದ ಕೆಸರಿನಲ್ಲಿ ಅಪ್ಪ ಪಿಕಪ್ ಎತ್ತಿದ್ದನ್ನು ಎಷ್ಟು ಸಲ ನೋಡಿದ್ದೆನೋ! ಚೈನ್ 11 ನಿಮಿಷದಲ್ಲಿ ಮುಗಿಯಿತು. ಇನ್ನೂರು ಮೀಟರ್ ಹೋಗಿ ಮತ್ತೆ ಇಳಿದು ಬಿಗಿ ಮಾಡಿದೆ, ಇದನ್ನು ಮರೆತರೆ ಚೈನ್ ಬಿಚ್ಚಿ ಚಕ್ರದ ಒಳಗೆ ಬಡಿಯುತ್ತದೆ.

ಮೇಲೆ ಹೋದಾಗ ಮಾತು ನಿಂತಿತು. ಎಡಬಲ ಹಿಮದ ಗೋಡೆ, ಎದುರಿಗೆ ಸೆಲ್ಲಾ ಬೆಟ್ಟದ ಬಂಡೆ. ಧಾರವಾಡದ ಗೆಳತಿ ಕಾರಿನಿಂದ ಇಳಿದವಳು ಗ್ಲೌಸ್ ತೆಗೆದು ಬರಿಗೈಯಲ್ಲಿ ಹಿಮ ಹಿಡಿದು ನಿಂತಳು, ಅದು ಕರಗಿ ಮೊಣಕೈವರೆಗೆ ಇಳಿದರೂ ಬಿಡಲಿಲ್ಲ. ಫ್ಲಾಸ್ಕಿನ ರಸಂ ನಾಲ್ಕು ಲೋಟಕ್ಕೆ ಬಂತು. ಕೊರ್ವಾರಾ ಕಡೆಗೆ ಇಳಿದಿದ್ದು ಅದೇ ಸೆಕೆಂಡ್ ಗೇರಲ್ಲಿ, 25 ದಾಟದೆ. ಹಿಂದೆ ಬಂದವರಿಗೆಲ್ಲ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ನಿಂತು ದಾರಿ ಬಿಟ್ಟೆ. ಸಂಜೆ ಕಣಿವೆಯಿಂದ ನೋಡಿದಾಗ ಆ ಬಿಳಿ ಬಂಡೆಗಳು ದಾಸವಾಳದ ಬಣ್ಣಕ್ಕೆ ತಿರುಗಿದ್ದವು.

ಖರ್ಚು ನೆನಪಿದ್ದಷ್ಟು: ಕಾರು 260, ಪೂರ್ತಿ ವಿಮೆ 50, ಪೆಟ್ರೋಲ್ 75, ಮೂರು ರಾತ್ರಿ 285, ಚೈನ್, ಊಟ, ಆ ವಾಷರ್ ದ್ರವ ಎಲ್ಲ ಸೇರಿ 90. ಮೊದಲ ಸಲ ಕಳೆದುಕೊಂಡಿದ್ದು ಇದರಲ್ಲಿ ಸೇರಿಲ್ಲ. ಪೂರ್ತಿ ವಿಮೆಗೆ ಮಾತ್ರ ಜಿಪುಣತನ ಬೇಡ.

ಶುಕ್ರವಾರ ರಾತ್ರಿ ಕಾರು ವಾಪಸ್ ಕೊಟ್ಟೆವು. ಉಪ್ಪು ಮೆತ್ತಿ ಬಣ್ಣವೇ ಕಾಣುತ್ತಿರಲಿಲ್ಲ. ಅವರು ಟಾರ್ಚ್ ಹಿಡಿದು ಎರಡು ಸುತ್ತು ಬಂದರು, ಬಂಪರ್ ಒರೆಸಿ ನೋಡಿದರು, ಸಹಿ ಹಾಕಿದರು. ಊರಿನಲ್ಲಿ ಆಗ ನಡುರಾತ್ರಿ. ಬೆಳಿಗ್ಗೆ ಫೋನ್ ಮಾಡಿದೆ. ಅಪ್ಪ ಕಾಫಿ ಕೊಯ್ಲಿನ ಆಳುಗಳನ್ನು ತೋಟಕ್ಕೆ ಬಿಟ್ಟು ಬಂದಿದ್ದರು. ಎಷ್ಟು ಎತ್ತರ, ಎಷ್ಟು ಚಳಿ, ಏನೂ ಕೇಳಲಿಲ್ಲ.

"ಇಳಿವಾಗ ಬ್ರೇಕು ವಾಸನೆ ಬಂತಾ?"

"ಇಲ್ಲ ಅಪ್ಪ."

"ಅಮ್ಮಂಗೆ ಕೊಡ್ತೀನಿ ತಡಿ, ಅವಳು ರಾತ್ರಿಯಿಡೀ ನಿದ್ದೆ ಮಾಡಿಲ್ಲ."